ಮನೆ ಪ್ಲಾನ್ ಇನ್ನೂ ಪೆನ್ಸಿಲ್‌ನಲ್ಲಿದೆ. ಸೆಕೆ, ಕರೆಂಟ್ ಬಿಲ್ ಬಗ್ಗೆ ಈಗಲೇ ಏನು ನೋಡಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟ್, ರಸ್ತೆ ಪಶ್ಚಿಮಕ್ಕೆ. ಆರ್ಕಿಟೆಕ್ಟ್ ಮೊದಲ ಸ್ಕೆಚ್ ಕೊಟ್ಟಿದ್ದಾರೆ. ಈಗಿರುವ ಬಾಡಿಗೆ ಮನೆಯಲ್ಲಿ ಏಪ್ರಿಲ್ ಬಂದರೆ ಮಹಡಿ ರೂಮಿನಲ್ಲಿ ಮಲಗೋಕೇ ಆಗಲ್ಲ. ಹೊಸ ಮನೆಗೆ ಎಸಿ ಬೇಡ ಅಂತ ನಮ್ಮ ಆಸೆ. ಕೇಳಿದರೆ ಎಲ್ಲರೂ "ಅದೆಲ್ಲ ಆಮೇಲೆ ನೋಡೋಣ, ಮೊದಲು ಪ್ಲಾನ್ ಸ್ಯಾಂಕ್ಷನ್ ಆಗಲಿ" ಅನ್ನುತ್ತಾರೆ. ಕಟ್ಟಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:

ದಯವಿಟ್ಟು ಆಮೇಲೆಗೆ ಬಿಡಬೇಡಿ. ನಾವು ಬಿಟ್ಟು ಅನುಭವಿಸಿದ್ದೇವೆ. ನಮ್ಮ ಮೊದಲ ಮನೆಯಲ್ಲಿ ಮಹಡಿ ರೂಮಿನ ಪಶ್ಚಿಮದ ಗೋಡೆ ರಾತ್ರಿ ಹತ್ತಕ್ಕೆ ಮುಟ್ಟಿದರೂ ಬೆಚ್ಚಗಿರುತ್ತಿತ್ತು, ಒಲೆಯಿಂದ ಇಳಿಸಿಟ್ಟ ಹಂಚಿನ ಹಾಗೆ. ಮಗು ಆ ಕಡೆ ಮಲಗುತ್ತಲೇ ಇರಲಿಲ್ಲ. ಮೋಲ್ಡ್ ಹಾಕಿದ ಮೇಲೆ ಕಿಟಕಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸೋಕೆ ಆಗಲ್ಲ, ಅಲ್ವಾ?

ಎರಡನೇ ಮನೆಗೆ ಸ್ಕೆಚ್ ಬಂದ ವಾರವೇ ಹಳೆ ಕ್ಯಾಲೆಂಡರ್ ರಟ್ಟು ಕತ್ತರಿಸಿ ಪುಟ್ಟ ಮನೆ ಮಾಡಿದೆ. ಕಿಟಕಿಗಳ ಜಾಗದಲ್ಲಿ ತೂತು, ಮೇಲೆ ಅಳತೆಗೆ ಸರಿಯಾಗಿ ಸಜ್ಜ. ಅದನ್ನು ಸಂಜೆ ನಾಲ್ಕಕ್ಕೆ ಸೈಟಿನಲ್ಲಿ ಸರಿಯಾದ ದಿಕ್ಕಿಗೆ ಇಟ್ಟು ನೋಡಿದೆವು. ದಕ್ಷಿಣದ ಕಿಟಕಿಗಳು ನೆರಳಲ್ಲಿದ್ದವು. ಪಶ್ಚಿಮದ ಕಿಟಕಿಯಿಂದ ಬಿಸಿಲು ಹಾಲ್‌ನ ಒಳಗೋಡೆವರೆಗೂ ಹೋಗಿತ್ತು. ಲೆಕ್ಕವೂ ಹಾಗೇ ಹೇಳುತ್ತದೆ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಇಲ್ಲಿ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿ ಸಜ್ಜದ ನೆರಳು ಹೆಚ್ಚೆಂದರೆ ಒಂದೂವರೆ ಅಡಿ ಇಳಿಯುತ್ತದೆ. ನಾಲ್ಕಡಿ ಕಿಟಕಿಯ ಉಳಿದ ಭಾಗಕ್ಕೆಲ್ಲ ಬಿಸಿಲೇ. ಅದಕ್ಕೇ ಮೆಟ್ಟಿಲು, ಬಾತ್‌ರೂಮ್, ಕಾರ್ ನಿಲ್ಲುವ ಪೋರ್ಟಿಕೋ ಇಂಥವನ್ನು ಪಶ್ಚಿಮಕ್ಕೆ ತಳ್ಳಿದೆವು.

30×40ರಲ್ಲಿ ಇನ್ನೊಂದು ವಿಷಯವಿದೆ. ಇವತ್ತು ಪಕ್ಕದ ಸೈಟ್ ಖಾಲಿ ಇರಬಹುದು. ನಾಳೆ ಅಲ್ಲಿ ಮೂರು ಮಹಡಿ ಎದ್ದರೆ ನಿಮ್ಮ ಮನೆಯ ಆ ಕಡೆ ಗೋಡೆಗೆ ನೆರಳೇನೋ ಸಿಗುತ್ತದೆ, ಆದರೆ ಬೆಳಕು, ಗಾಳಿ ಎರಡೂ ನಿಲ್ಲುತ್ತವೆ. ಪಕ್ಕದವರು ಕಟ್ಟಿಬಿಟ್ಟಿದ್ದಾರೆ ಅಂತಲೇ ಅಂದುಕೊಂಡು ಪ್ಲಾನ್ ನೋಡಿ. ನಮ್ಮ ಮನೆಯಲ್ಲಿ ಮೆಟ್ಟಿಲ ಮೇಲ್ಗಡೆ ವೆಂಟಿಲೇಟರ್ ಇಟ್ಟಿದ್ದೇವೆ. ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಹಳೇ ತೊಟ್ಟಿ ಮನೆಯ ಉಪಾಯವೇ ಇದು.

ಅಳತೆಗೋಲು ಬೇಕಾದರೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ ಇದೆ, ಅಂದರೆ ಮನೆಗಳಲ್ಲಿ ಕರೆಂಟ್ ಉಳಿಸೋ ಹಾಗೆ ಕಟ್ಟಲು ಮಾಡಿದ ನಿಯಮಗಳು. ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ ಮಾಡಿದ್ದು. ನಿಮ್ಮದು ಸುಮಾರು 111. ಹಾಗಾಗಿ ನಿಮ್ಮನ್ನು ಯಾರೂ ಕೇಳಲ್ಲ, ಆದರೂ ಆ ಅಂಕಿಗಳು ತುಂಬಾ ಉಪಯೋಗಕ್ಕೆ ಬರುತ್ತವೆ. ಗೋಡೆ, ಕಿಟಕಿ ಸೇರಿ ಒಳಗೆ ಬರುವ ಶಾಖಕ್ಕೆ ಆರ್‌ಇಟಿವಿ ಅಂತ ಒಂದು ಲೆಕ್ಕ. ಅದು ಚದರ ಮೀಟರಿಗೆ 15 ವ್ಯಾಟ್ ದಾಟಬಾರದು. ಗೋಡೆ ಯಾವುದರದ್ದು, ಗಾಜು ಎಷ್ಟು, ಯಾವ ದಿಕ್ಕಿಗೆ, ಸಜ್ಜ ಎಷ್ಟು ಉದ್ದ ಅನ್ನೋದೆಲ್ಲ ಅದರಲ್ಲಿ ಬರುತ್ತದೆ. ಆರ್ಕಿಟೆಕ್ಟ್ ಹತ್ತಿರ ಎರಡು ಬಗೆಯ ಪ್ಲಾನಿಗೆ ಈ ಅಂಕಿ ಹಾಕಿಸಿ ಪಕ್ಕಪಕ್ಕ ಇಟ್ಟು ನೋಡಿ.

ಕಿಟಕಿಯ ಲೆಕ್ಕ ನೀವೇ ಹಾಕಬಹುದು. ಆ ಸಂಹಿತೆ ಪ್ರಕಾರ ಬೆಂಗಳೂರಿನ ಹವೆಗೆ ಮನೆಯ ಒಟ್ಟು ನೆಲದ 12.5 ಪರ್ಸೆಂಟ್‌ನಷ್ಟಾದರೂ ತೆರೆಯುವ ಜಾಗ ಇರಬೇಕು. ಒಂದು ರೂಮಿಗೆ ಹೋಲಿಸಿ ನೋಡಿ. 10×12 ರೂಮಿಗೆ 15 ಚದರ ಅಡಿ. 5×4 ಸ್ಲೈಡಿಂಗ್ ಕಿಟಕಿ 20 ಚದರ ಅಡಿ ಕಾಣುತ್ತದೆ, ಆದರೆ ತೆರೆಯೋದು ಅರ್ಧ, ಅಂದರೆ 10. ಬಾಗಿಲಿನ ಹಾಗೆ ತೆರೆಯುವ ಕಿಟಕಿಯಾದರೆ ಅದೇ ಜಾಗದಲ್ಲಿ ಸಾಕಾಗುತ್ತದೆ.

ತಾರಸಿ ಮಾತ್ರ ಮರೆಯಲೇಬೇಡಿ, ಮಹಡಿ ರೂಮಿನ ಕಷ್ಟಕ್ಕೆ ದೊಡ್ಡ ಕಾರಣ ಅದೇ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿ ಮೇಲೇ ಇರುತ್ತಾನೆ. ತಾರಸಿಯ ಯು-ವ್ಯಾಲ್ಯೂ, ಅಂದರೆ ಅದರ ಮೂಲಕ ಎಷ್ಟು ಶಾಖ ದಾಟುತ್ತದೆ ಅನ್ನೋ ಅಂಕಿ, 1.2 ಮೀರಬಾರದು ಅನ್ನುತ್ತದೆ ಸಂಹಿತೆ. ಬರೀ ಐದಿಂಚಿನ ಆರ್‌ಸಿಸಿಗೆ ಅದು 3 ದಾಟುತ್ತದೆ. ಮೇಲೆ ಒಂದಿಂಚು ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) ಹಾಕಿದರೆ 1ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಕಾಂಕ್ರೀಟು, ಬಿಳಿ ಟೈಲ್ಸ್ ಬರಬೇಕು. ಇದೆಲ್ಲ ಸೇರಿ ತಾರಸಿ ಮಟ್ಟ ಮೇಲೇರುತ್ತದೆ, ಅದಕ್ಕೆ ಪ್ಯಾರಪೆಟ್ ಎತ್ತರ, ನೀರಿನ ಇಳಿಜಾರು, ಮೆಟ್ಟಿಲ ಬಾಗಿಲಿನ ಹೊಸ್ತಿಲು ಮೊದಲೇ ಲೆಕ್ಕದಲ್ಲಿರಲಿ. ನಮ್ಮಲ್ಲಿ ಹೊಸ್ತಿಲು ಎತ್ತರಿಸಲು ಮೇಸ್ತ್ರಿ ಮತ್ತೆ ಒಡೆಯಬೇಕಾಯಿತು.

ಕಲಬುರಗಿಯಿಂದ:

ನಮ್ಮ ಕಡೆ ಲೆಕ್ಕ ಸ್ವಲ್ಪ ಬೇರೆ. ಮೇ ತಿಂಗಳ ಮಧ್ಯಾಹ್ನ ಕಿಟಕಿ ತೆರೆದರೆ ಬೆಂಕಿ ಗಾಳಿ. ಹಗಲು ಮುಚ್ಚಿ ರಾತ್ರಿ ತೆರೀಬೇಕು. ಅದಕ್ಕೆ ರಾತ್ರಿ ತೆರೆದಿಟ್ಟು ಮಲಗಬಹುದಾದ ಗಟ್ಟಿ ಗ್ರಿಲ್, ಸೊಳ್ಳೆ ಪರದೆ ಪ್ಲಾನ್‌ನಲ್ಲೇ ಬರೆಸಿ. ಕೂಲರ್ ಇಡೋದಾದರೆ ಅದಕ್ಕೊಂದು ಕಿಟಕಿ, ಹೊರಗೆ ನಲ್ಲಿ, ಎದುರು ಗಾಳಿ ಹೋಗೋಕೆ ದಾರಿ ಬೇಕು. ನಾವು ದಾರಿ ಬಿಡಲಿಲ್ಲ. ಎರಡು ಬೇಸಿಗೆ ಒಳಗೆಲ್ಲ ಸುಮ್ನೆ ಜಿಗಿಜಿಗಿ ಆಯಿತು. ಕೊನೆಗೆ ಎದುರು ಗೋಡೆ ಒಡೆದು ವೆಂಟಿಲೇಟರ್ ಇಟ್ಟೆವು.

ಮಂಗಳೂರಿನಿಂದ:

ಇಲ್ಲಿ ಬೆವರೇ ಸಮಸ್ಯೆ, ಗಾಳಿ ಆಡಲೇಬೇಕು. ನಮ್ಮ ಹವೆಗೆ ಅದೇ ಸಂಹಿತೆ 16.66 ಪರ್ಸೆಂಟ್ ತೆರೆದ ಜಾಗ ಕೇಳುತ್ತದೆ. ಒಂದು ಕಿಟಕಿಯಿಂದ ಬಂದ ಗಾಳಿ ಇನ್ನೊಂದರಿಂದ ಹೋಗುತ್ತದಾ ಅಂತ ಪ್ಲಾನ್ ಮೇಲೆ ಬೆರಳಿಟ್ಟು ನೋಡಿ. ತಾರಸಿ ಮೇಲೆ ಶೀಟ್ ಮಾಡು ಹಾಕುವುದಾದರೆ ಎರಡೂ ತುದಿ ತೆರೆದಿರಲಿ, ಮುಚ್ಚಿದರೆ ಬಿಸಿ ಅಲ್ಲೇ ನಿಲ್ಲುತ್ತದೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ತೊಡಕು. ವಾಸ್ತು ಪ್ರಕಾರ ಮಾಸ್ಟರ್ ಬೆಡ್‌ರೂಮ್ ನೈಋತ್ಯದಲ್ಲೇ ಇರಬೇಕು ಅಂತಾರೆ ಅಮ್ಮ. ಸಂಜೆ ಬಿಸಿಲು ಬೀಳೋ ಮೂಲೆಯೇ ಅದು.

ಬೆಂಗಳೂರಿನಿಂದ:

ನಮ್ಮ ಅತ್ತೆಯವರೂ ಅದನ್ನೇ ಹೇಳಿದ್ದರು. ರೂಮು ಅಲ್ಲೇ ಇಟ್ಟೆವು. ಪಶ್ಚಿಮದ ಗೋಡೆ ಉದ್ದಕ್ಕೂ ನೆಲದಿಂದ ಸೂರಿನವರೆಗೆ ವಾರ್ಡ್‌ರೋಬ್, ಆ ಕಡೆ ಕಿಟಕಿ ಇಲ್ಲ. ದೊಡ್ಡ ಕಿಟಕಿ ದಕ್ಷಿಣಕ್ಕೆ, ಮೇಲೆ ಎರಡಡಿ ಸಜ್ಜ. ಗಾಳಿ ಆಡೋಕೆ ಬಾಗಿಲ ಮೇಲೆ ಒಂದು ವೆಂಟಿಲೇಟರ್. ನಾಳೆ ಆರ್ಕಿಟೆಕ್ಟ್ ಹತ್ತಿರ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ.