‘ನಿನ್ನ ಚಿತ್ತ ನೆರವೇರಲಿ’ ಎನ್ನಲು ಭಯವಾಗುತ್ತದೆ: ಅನುಭವವಿದ್ದವರು ಹೇಳಿ

ಪ್ರಶ್ನೆ:

ನನ್ನ ಗಂಡ ರಾತ್ರಿ ಲಾರಿ ಓಡಿಸುತ್ತಾರೆ. ಅವರು ಹೊರಡುವ ಮುಂಚೆ ಬೈಬಲಿನ 91ನೇ ಕೀರ್ತನೆ, ದೇವರ ಕಾಪಾಡುವಿಕೆಯ ಹಾಡು, ಓದಿ ಕಳುಹಿಸುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ಕಳೆದ ವರ್ಷ ಅಪಘಾತವಾಗಿ ಅವರ ಕಾಲು ಮುರಿಯಿತು. ಅಂದೂ ಕೀರ್ತನೆ ಓದಿಯೇ ಕಳುಹಿಸಿದ್ದೆ. ಸಭೆಯಲ್ಲಿ ಒಬ್ಬರು ‘ವಿಶ್ವಾಸ ಸಾಲದು’ ಎಂದರು, ಇನ್ನೊಬ್ಬರು ‘ದೇವರ ಚಿತ್ತ, ಒಪ್ಪಿಕೊಳ್ಳಿ’ ಎಂದರು. ಈಗ ಅವರು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ಕರೆ ಸ್ವಲ್ಪ ತಡವಾದರೂ ನನ್ನ ಕೈಕಾಲು ತಣ್ಣಗಾಗುತ್ತವೆ. ಕರ್ತನ ಪ್ರಾರ್ಥನೆ ಹೇಳುವಾಗ ‘ನಿನ್ನ ಚಿತ್ತ ನೆರವೇರಲಿ’ ಎಂಬಲ್ಲಿಗೆ ಬಂದರೆ ನಾಲಿಗೆ ತಡೆಯುತ್ತದೆ. ಮುಂದೆ ಬರಲಿರುವ ಕೆಡುಕಿಗೆ ನಾನೇ ಒಪ್ಪಿಗೆ ಕೊಟ್ಟಂತಾಗುತ್ತದೇನೋ ಎಂಬ ಭಯ. ಇದರ ಜೊತೆಗೆ ಅವರಿಗೆ ಹಗಲಿನ ಕೆಲಸವೊಂದು ಸಿಗುವಂತಿದೆ, ಸಂಬಳ ಕಡಿಮೆ. ಇದರಲ್ಲಿ ದೇವರ ಚಿತ್ತ ಯಾವುದೆಂದು ತಿಳಿಯುವುದು ಹೇಗೆ? ದಯವಿಟ್ಟು ಉಪದೇಶ ಬೇಡ, ಇಂಥದ್ದನ್ನು ದಾಟಿ ಬಂದವರು ಹೇಳಿ.

ಸಂಡೇ ಸ್ಕೂಲ್ ಶಿಕ್ಷಕಿ:

ಸಹೋದರಿ, ‘ವಿಶ್ವಾಸ ಸಾಲದು’ ಎಂದವರ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನನ್ನ ಮಗ ಚಿಕ್ಕಂದಿನಿಂದ ಮೂರ್ಛೆರೋಗದಿಂದ ನರಳಿದವನು. ಆ ಮಾತನ್ನು ನಾನು ಎಷ್ಟು ಬಾಯಿಗಳಿಂದ ಕೇಳಿದ್ದೇನೆಂದರೆ, ಈಗ ಯಾರಾದರೂ ಆಡಿದರೆ ಎದ್ದು ಹೋಗುತ್ತೇನೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತರಲ್ಲ, ಅವರೇನು ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಯೇಸುವೇ ಕೇಳಿ, ಅಲ್ಲವೆಂದು ತಾನೇ ಹೇಳಿದ್ದಾನೆ (ಲೂಕ 13). ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ‘ಇವನ ಪಾಪವೋ, ತಂದೆತಾಯಿಯ ಪಾಪವೋ’ ಎಂದಾಗಲೂ ಎರಡನ್ನೂ ತಳ್ಳಿಹಾಕಿದ. ಆದರೂ ನಮ್ಮ ಜನಕ್ಕೆ ಕಾರಣ ಹುಡುಕದೆ ಪ್ರಾರ್ಥನೆ ಮಾಡಲು ಬರುವುದಿಲ್ಲ.

91ನೇ ಕೀರ್ತನೆಯ ವಿಷಯ. ಅದನ್ನು ಬಿಡಬೇಡಿ, ಆದರೆ ಪೂರ್ತಿ ಓದಿ. ‘ಯಾವ ಕೇಡೂ ನಿನಗೆ ಸಂಭವಿಸದು’ ಎಂಬ ಮಾತು ಇರುವ ಅದೇ ಕೀರ್ತನೆಯ 15ನೇ ವಚನದಲ್ಲಿ, ಇಕ್ಕಟ್ಟಿನಲ್ಲಿ ಅವನ ಸಂಗಡ ಇರುತ್ತೇನೆ ಎಂದು ದೇವರು ಹೇಳುತ್ತಾನೆ. ಇಕ್ಕಟ್ಟೇ ಬಾರದಿದ್ದರೆ ಅದರಲ್ಲಿ ಸಂಗಡ ಇರುವ ಮಾತೆಲ್ಲಿಂದ ಬಂತು? ಇನ್ನೊಂದು ವಿಷಯವನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಈ ಕೀರ್ತನೆಯ ದೇವದೂತರ ವಚನವನ್ನು ಎತ್ತಿ ಯೇಸುವಿನ ಮುಂದೆ ಹಿಡಿದವನು ಸೈತಾನ. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಧರ್ಮೋಪದೇಶಕಾಂಡದಿಂದಲೇ ಉತ್ತರ ಕೊಟ್ಟ. ವಾಗ್ದಾನ ಸುಳ್ಳೆಂದು ಅವನು ಹೇಳಲಿಲ್ಲ, ಅದನ್ನು ಹಿಡಿದು ದೇವರ ಕೈ ತಿರುಚಲು ಒಪ್ಪಲಿಲ್ಲ.

ನನಗೆ ಹೆಚ್ಚು ಆಸರೆಯಾದದ್ದು ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ. ಎರಡನೇ ವಚನದಲ್ಲಿ ಅರಸ ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರ ಸೆರೆಯಿಂದ ಬಿಡುಗಡೆಯಾಗುತ್ತಾನೆ. ಇಬ್ಬರೂ ಯೇಸುವಿನ ಹತ್ತಿರದ ಶಿಷ್ಯರು. ಯಾಕೋಬನ ವಿಶ್ವಾಸ ಕಡಿಮೆಯಿತ್ತೆಂದು ಆ ಪುಸ್ತಕ ಬರೆದ ಲೂಕ ಎಲ್ಲಿಯೂ ಬರೆಯುವುದಿಲ್ಲ. ಏಕೆ ಹೀಗೆ ಎಂಬ ಪ್ರಶ್ನೆಗೆ ಅವನು ಕೈಯನ್ನೇ ಹಾಕುವುದಿಲ್ಲ. ಇನ್ನು ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ವಿಶ್ವಾಸವನ್ನಾದರೂ ನೋಡಿ: ಪೇತ್ರ ಬಂದು ಬಾಗಿಲು ತಟ್ಟಿದಾಗ, ಒಳಗೆ ಓಡಿಬಂದು ಹೇಳಿದ ಹುಡುಗಿಗೆ ‘ನಿನಗೆ ಹುಚ್ಚು’ ಎಂದರು! ಅಂಥವರ ಪ್ರಾರ್ಥನೆಯನ್ನೂ ದೇವರು ಕೇಳಿದ. ನಿಮ್ಮ ವಿಶ್ವಾಸವನ್ನು ಅಳೆಯಲು ಹೊರಟವರಿಗೆ ಈ ಭಾಗ ಓದಿ ಹೇಳಿ.

ರಾತ್ರಿ ಪಾಳಿಯ ನರ್ಸ್:

ನಿಮ್ಮ ನಾಲಿಗೆ ತಡೆಯುವ ಆ ಸಾಲಿನ ಬಗ್ಗೆ ಒಂದೇ ಮಾತು. ‘ನಿನ್ನ ಚಿತ್ತ ನೆರವೇರಲಿ’ ಎಂದ ಮೇಲೆ ಪ್ರಾರ್ಥನೆ ಮುಗಿಯುವುದಿಲ್ಲ. ಅನುದಿನದ ಆಹಾರ ಕೊಡು ಎನ್ನುತ್ತೇವೆ, ಕೇಡಿನಿಂದ ನಮ್ಮನ್ನು ತಪ್ಪಿಸು ಎನ್ನುತ್ತೇವೆ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಲು ಕಲಿಸಿದವನು ಯೇಸು. ಹಾಗಿರುವಾಗ ಮೊದಲನೆಯದು ಕೆಡುಕಿಗೆ ಒಪ್ಪಿಗೆ ಹೇಗಾದೀತು? ವಾರ್ಡಿನಲ್ಲಿ ರೋಗಿಗಳ ಮನೆಯವರು ‘ಚಿತ್ತ’ ಎಂಬ ಮಾತನ್ನು ಸಾವಿಗೆ ಮಾತ್ರ ಬಳಸುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಜ್ವರ ಇಳಿದದ್ದೂ ಅವನ ಚಿತ್ತವೇ ಅಲ್ಲವೇ?

ಇನ್ನು ರಾತ್ರಿಯ ಭಯ. ಪಾಳಿ ಇಲ್ಲದ ದಿನಗಳಲ್ಲಿ ನನಗೂ ನಿದ್ದೆ ಬರುವುದಿಲ್ಲ. ನಾನು ಮಾಡುವುದಿಷ್ಟು: ನಾಳೆ ಮಾಡಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಡುತ್ತೇನೆ, ಮೊಬೈಲ್ ಪಕ್ಕದ ಕೋಣೆಯಲ್ಲಿ ಬಿಡುತ್ತೇನೆ. ತುರ್ತು ಕರೆಗೆ ಗಂಟೆ ಕೇಳಿಸುವಷ್ಟು ದೂರ, ಪದೇಪದೇ ನೋಡಲು ಆಗದಷ್ಟು ದೂರ. ಆಮೇಲೆ 31ನೇ ಕೀರ್ತನೆಯ ಐದನೇ ವಚನ, ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ ಎಂಬುದು. ಯೇಸು ಶಿಲುಬೆಯ ಮೇಲೆ ಹೇಳಿದ್ದೂ ಅದನ್ನೇ. ಕೆಲವು ರಾತ್ರಿ ಅದರಿಂದ ನಿದ್ದೆ ಬರುತ್ತದೆ, ಕೆಲವು ರಾತ್ರಿ ಬರುವುದಿಲ್ಲ. ಕೈಕಾಲು ತಣ್ಣಗಾಗುವುದು, ಎದೆ ಬಡಿತ ಮುಂದುವರಿದರೆ ವೈದ್ಯರಿಗೆ ತೋರಿಸಿ. ಅಪಘಾತದ ನಂತರ ಮನೆಯವರಿಗೂ ಹೀಗಾಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಹೋದರೆ ವಿಶ್ವಾಸ ಕಳೆದುಕೊಂಡಂತೆ ಎಂದು ಯಾರಾದರೂ ಹೇಳಿದರೆ, ಅಪೊಸ್ತಲ ಪೌಲನ ಜೊತೆ ಓಡಾಡಿದ ಲೂಕ ವೈದ್ಯನೇ ಆಗಿದ್ದ ಎಂದು ನೆನಪಿಸಿ.

ಒಬ್ಬ ಲಾರಿ ಚಾಲಕ:

ಸಿಸ್ಟರ್, ನಿಮ್ಮ ಯಜಮಾನರ ಕೆಲಸವನ್ನೇ ನಾನೂ ಮಾಡುವುದರಿಂದ ಬರೆಯುತ್ತಿದ್ದೇನೆ. ಲಾರಿಯ ಮುಂದೆ ವಚನ ಬರೆಸಿ, ಸವೆದ ಟೈರಿನಲ್ಲಿ ಓಡಿಸುವವರನ್ನು ನೋಡಿದ್ದೇನೆ. ನಾನು ಹೊರಡುವ ಮುಂಚೆ ಟಾರ್ಚ್ ಹಿಡಿದು ಒಂದು ಸುತ್ತು ಬರುತ್ತೇನೆ. ಪ್ರತಿ ಚಕ್ರದ ನಟ್ಟುಗಳನ್ನು ಕೈಯಿಂದ ಮುಟ್ಟಿ ನೋಡುತ್ತೇನೆ, ಟೈರಿಗೆ ಬಡಿದು ಶಬ್ದ ಕೇಳುತ್ತೇನೆ, ಬ್ರೇಕಿನ ಗಾಳಿ ಪೂರ್ತಿ ತುಂಬಿದೆಯೇ ಎಂದು ಮೀಟರ್ ನೋಡುತ್ತೇನೆ, ಹಿಂದಿನ ದೀಪಗಳ ಧೂಳು ಒರೆಸುತ್ತೇನೆ. ಈ ಸುತ್ತಿನಲ್ಲೇ ನನ್ನ ಪ್ರಾರ್ಥನೆ ನಡೆಯುತ್ತದೆ. ಕಣ್ಣು ಮುಚ್ಚಿ ಮಾಡುವ ಪ್ರಾರ್ಥನೆ ಅಲ್ಲ, ಕಣ್ಣು ಬಿಟ್ಟು ಮಾಡುವುದು. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳ ಭಯವಿತ್ತು. ದೇವರಿಗೆ ಪ್ರಾರ್ಥಿಸಿದೆವು, ಹಗಲಿರುಳು ಕಾವಲನ್ನೂ ಇಟ್ಟೆವು ಎಂದು ಬರೆದಿದ್ದಾನೆ (4:9). ಎರಡೂ ಒಂದೇ ವಚನದಲ್ಲಿವೆ.

ಪೌಲನ ಹಡಗು ಒಡೆದ ಕಥೆ ಚಾಲಕರಾದವರು ಓದಲೇಬೇಕಾದದ್ದು (ಅಪೊಸ್ತಲರ ಕೃತ್ಯಗಳು 27). ಹವಾಮಾನ ಸರಿಯಿಲ್ಲ, ಹೋಗುವುದು ಬೇಡ ಎಂದು, ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲ ಮೊದಲೇ ಹೇಳಿದ್ದ. ಅವನನ್ನು ಕರೆದೊಯ್ಯುತ್ತಿದ್ದ ಶತಾಧಿಪತಿ ಹಡಗಿನ ಯಜಮಾನನ ಮಾತು ಕೇಳಿ ಹೊರಟ. ಯಜಮಾನನಿಗೆ ಸರಕು ತಲುಪುವ ಅವಸರವಿತ್ತೋ ಏನೋ, ಆ ಸಂಕಟ ನಮಗೂ ಗೊತ್ತು! ಬಿರುಗಾಳಿಯಲ್ಲಿ ಹಡಗು ಸಿಕ್ಕಿದಾಗ ದೇವದೂತನು ಪೌಲನಿಗೆ, ನಿನ್ನ ಸಂಗಡ ಇರುವವರೆಲ್ಲರ ಪ್ರಾಣ ಉಳಿಯುತ್ತದೆ ಎಂದ. ವಾಗ್ದಾನ ಸಿಕ್ಕಿತೆಂದು ಯಾರೂ ಕೈಕಟ್ಟಿ ಕೂರಲಿಲ್ಲ. ಹದಿನಾಲ್ಕನೆಯ ರಾತ್ರಿ ನಾವಿಕರು ಹಗ್ಗಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಆಳ ಅಳೆದರು: 20 ಮಾರು, ಸ್ವಲ್ಪ ಮುಂದೆ ಹೋಗಿ ನೋಡಿದರೆ 15 ಮಾರು. ಹಿಂಭಾಗದಿಂದ ನಾಲ್ಕು ಲಂಗರು ಹಾಕಿದರು. ನಾವಿಕರೇ ದೋಣಿ ಇಳಿಸಿ ಓಡಿಹೋಗಲು ನೋಡಿದಾಗ, ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯಲಾರಿರಿ ಎಂದವನು ಪೌಲನೇ. ಎಲ್ಲರೂ ಉಳಿಯುತ್ತಾರೆ ಎಂಬ ಮಾತು ಕೈಯಲ್ಲಿದ್ದೂ ಹಾಗೆಂದ. ಕೊನೆಗೆ 276 ಜನರೂ ದಡ ಸೇರಿದರು. ಹೇಗೆ? ಈಜು ಬಂದವರು ಈಜಿ, ಉಳಿದವರು ಹಲಗೆ ಹಿಡಿದು. ಹಡಗಂತೂ ಚೂರುಚೂರಾಯಿತು. ದೇವರ ಕಾಪಾಡುವಿಕೆ ಹೀಗೂ ಇರುತ್ತದೆ, ನೆನೆದು ನಡುಗುತ್ತಾ ಹಲಗೆ ಹಿಡಿದು ದಡಕ್ಕೆ ಬೀಳುವ ಹಾಗೆ.

ರಾತ್ರಿ 2ರಿಂದ ಬೆಳಗಿನ 6 ಗಂಟೆಯವರೆಗೆ ದೇಹ ತಾನಾಗಿ ನಿದ್ದೆಗೆ ಎಳೆಯುತ್ತದೆ. ಆ ಹೊತ್ತಿಗೆ ಕಣ್ಣು ಭಾರವಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಮಲಗಲಿ. ಆಗ ಕರೆ ಬರುವುದಿಲ್ಲ ಎಂದು ನೀವಿಬ್ಬರೂ ಮೊದಲೇ ಮಾತಾಡಿಕೊಳ್ಳಿ. ನನ್ನ ಹೆಂಡತಿಗೆ ‘ನಿಂತಿದ್ದೇನೆ’ ಎಂಬ ಒಂದು ಪದ ಕಳುಹಿಸಿ ಮಲಗುತ್ತೇನೆ. ಗಂಟೆಗೊಮ್ಮೆ ಕರೆ ಮಾಡಿ ಕಾಡಬೇಡಿ, ಓಡಿಸುವಾಗ ಫೋನ್ ಎತ್ತುವುದೇ ದೊಡ್ಡ ಅಪಾಯ.

ಇತಿಹಾಸದ ಓದುಗ:

1736ರ ಜನವರಿಯಲ್ಲಿ, ಮುಂದೆ ಮೆಥಡಿಸ್ಟ್ ಚಳವಳಿ ಆರಂಭಿಸಿದ ಜಾನ್ ವೆಸ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೋಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ದೊಡ್ಡ ಹಾಯಿ ಹರಿಯಿತು. ಇಂಗ್ಲಿಷರು ಕಿರುಚಿಕೊಂಡರು. ಜೊತೆಗಿದ್ದ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಜರ್ಮನ್ನರು ಕೀರ್ತನೆ ಹಾಡುತ್ತಲೇ ಇದ್ದರು. ನಿಮಗೆ ಭಯವಾಗಲಿಲ್ಲವೇ ಎಂದು ಆಮೇಲೆ ವೆಸ್ಲಿ ಕೇಳಿದಾಗ, ನಮ್ಮ ಹೆಂಗಸರು ಮಕ್ಕಳು ಸಹ ಸಾಯಲು ಹೆದರುವುದಿಲ್ಲ ಎಂಬ ಉತ್ತರ ಬಂತು. ಹಡಗು ಮುಳುಗುವುದಿಲ್ಲ ಎಂದು ಅವರು ಹೇಳಲಿಲ್ಲ, ಅದನ್ನು ಗಮನಿಸಿ. ಅಂಥ ಧೈರ್ಯ ನನಗಿಲ್ಲ, ನಾನು ಕಿರುಚುವವರ ಗುಂಪಿನವನು. ಆದರೆ ಅಂದು ಹೆದರಿ ನಿಂತಿದ್ದ ವೆಸ್ಲಿಯನ್ನೂ ದೇವರು ಆಮೇಲೆ ಬಳಸಿಕೊಂಡ.

ಮಗಳನ್ನು ಕಳೆದುಕೊಂಡ ತಾಯಿ:

ಮೇಲಿನವರ ಮಾತೆಲ್ಲ ಸರಿ. ಆದರೂ ಒಂದು ತಕರಾರಿದೆ. ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾವು ಬೇಡುವುದನ್ನೇ ಬಿಟ್ಟುಬಿಡುತ್ತೇವೆ. ‘ನಿನ್ನ ಚಿತ್ತದಂತೆ ಆಗಲಿ’ ಎಂದು ಮೊದಲೇ ಹೇಳಿಬಿಟ್ಟರೆ ನಿರಾಶೆ ಆಗುವುದಿಲ್ಲವಲ್ಲ, ಅದಕ್ಕೆ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಯೇಸು ಮೊದಲು ಕೇಳಿದ್ದು, ಈ ಪಾತ್ರೆ, ಎಂದರೆ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ ಎಂದು. ಬೋರಲು ಬಿದ್ದು ಕೇಳಿದ. ‘ನನ್ನ ಚಿತ್ತದಂತಲ್ಲ’ ಎಂಬುದು ಅದರ ನಂತರ ಬಂತು, ಮತ್ತೆ ಮತ್ತೆ ಪ್ರಾರ್ಥಿಸಬೇಕಾಯಿತು. ಪೌಲನೂ ದೇಹದಲ್ಲಿ ನಾಟಿದ ಮುಳ್ಳು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡ. ಕೃಪೆ ಸಾಕು ಎಂಬ ಉತ್ತರ ಸಿಕ್ಕಿದ್ದು ಬೇಡಿದವನಿಗೆ.

ನನ್ನ ಮಗಳಿಗಾಗಿ ನಾನು ಜಗಳವಾಡಿದಂತೆ ಬೇಡಿದೆ. ಅವಳು ಉಳಿಯಲಿಲ್ಲ. ಆ ದಿನಗಳಲ್ಲಿ ನನಗೆ ಬಾಯಿಗೆ ಬರುತ್ತಿದ್ದದ್ದು ‘ಎಷ್ಟರವರೆಗೆ’ ಎಂದು ಕೇಳುವ 13ನೇ ಕೀರ್ತನೆ, ಮತ್ತು ಕತ್ತಲೆಯಲ್ಲೇ ಮುಗಿಯುವ 88ನೆಯದು. ನನ್ನನ್ನು ನೋಡಲು ಬಂದವರಲ್ಲಿ ಒಬ್ಬರು ಒಂದೂ ಮಾತಾಡದೆ ಬಟ್ಟೆ ಒಗೆದು ಹೋದರು. ಅವರನ್ನು ಮರೆತಿಲ್ಲ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ಅವಳು ಏಕೆ ಹೋದಳೆಂದು ನನಗೆ ಇಂದಿಗೂ ಗೊತ್ತಿಲ್ಲ, ದೇವರನ್ನು ಬಿಟ್ಟೂ ಇಲ್ಲ. ಆದ್ದರಿಂದ ನಿಮ್ಮ ಗಂಡ ಸುಖವಾಗಿ ಮನೆಗೆ ಬರಲಿ ಎಂದು ಹೆಸರು ಹಿಡಿದು, ಗಾಡಿಯನ್ನೂ ದಾರಿಯನ್ನೂ ಹೇಳಿ ಕೇಳಿ. ಸಂಕೋಚ ಬೇಡ.

ನಿವೃತ್ತ ಸಭಾಪಾಲಕ:

ಹಗಲಿನ ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ಇಂಥ ಪ್ರಶ್ನೆ ಬಂದಾಗ ಜನ ನನ್ನ ಬಳಿ ಗುರುತು ಕೇಳಿ ಬರುತ್ತಿದ್ದರು. ಬೈಬಲ್ ತೆರೆದು ಕಣ್ಣು ಮುಚ್ಚಿ ಬೆರಳಿಡುವುದು, ಉಣ್ಣೆ ಹಾಸಿ ಇದು ಮಾತ್ರ ಇಬ್ಬನಿಯಿಂದ ನೆನೆಯಲಿ ಎಂದ ಗಿದ್ಯೋನನ ಹಾಗೆ ಷರತ್ತು ಹಾಕುವುದು. ಗಿದ್ಯೋನನಿಗೆ ದೇವರು ಏನು ಮಾಡಬೇಕೆಂದು ಉಣ್ಣೆಗಿಂತ ಮೊದಲೇ ಹೇಳಿದ್ದ. ಅಲ್ಲಿ ಉಣ್ಣೆ ಬಂದದ್ದು ಅವನ ಅನುಮಾನಕ್ಕೆ. ದೇವರ ಚಿತ್ತವೆಂದು ಬೈಬಲ್ ನೇರವಾಗಿ ಹೇಳುವ ವಿಷಯಗಳು ಬೇರೆಯೇ ಇವೆ: ಪವಿತ್ರರಾಗಿರಿ, ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ (1 ಥೆಸಲೋನಿಕ 4 ಮತ್ತು 5). ಇವೆರಡನ್ನೂ ಹಗಲಿನ ಕೆಲಸದಲ್ಲಿಯೂ ಮಾಡಬಹುದು, ರಾತ್ರಿಯದರಲ್ಲಿಯೂ ಮಾಡಬಹುದು. ಹಾಗಾಗಿ ತಪ್ಪು ಆರಿಸಿ ದೇವರ ಚಿತ್ತದಿಂದ ಆಚೆ ಬಿದ್ದುಹೋಗುತ್ತೇವೆಂದು ನಡುಗಬೇಡಿ. ಪೌಲನೇ ಆಸ್ಯಕ್ಕೆ ಹೊರಟ, ತಡೆಯಾಯಿತು. ಬಿಥೂನ್ಯಕ್ಕೆ ಪ್ರಯತ್ನಿಸಿದ, ಅದೂ ಆಗಲಿಲ್ಲ. ಮಕೆದೋನ್ಯದ ದರ್ಶನವಾದದ್ದು ಆಮೇಲೆ. ಅವನು ಮನೆಯಲ್ಲಿ ಕೂತು ಕಾದಿರಲಿಲ್ಲ, ನಡೆಯುತ್ತಲೇ ಇದ್ದ.

ಭಯ ಹೆಚ್ಚಾಗಿರುವ ರಾತ್ರಿಯಲ್ಲಿ ತೀರ್ಮಾನ ತೆಗೆದುಕೊಳ್ಳಬೇಡಿ. ಮನಸ್ಸು ಕುಗ್ಗಿದಾಗ ಮೊದಲಿನ ನಿರ್ಧಾರವನ್ನು ಬದಲಾಯಿಸಬಾರದೆಂದು 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲ ಹೇಳಿದ್ದನ್ನು ನಾನು ಪ್ರೊಟೆಸ್ಟೆಂಟನಾದರೂ ಬಹಳ ಜನರಿಗೆ ಹೇಳಿದ್ದೇನೆ. ಹಗಲಿನಲ್ಲಿ ಕೂತು ಲೆಕ್ಕ ಹಾಕಿ: ಕಡಿಮೆ ಸಂಬಳದಲ್ಲಿ ಮನೆ ನಡೆಯುತ್ತದೆಯೇ, ಸಾಲವೆಷ್ಟಿದೆ, ಹೊಸ ಕೆಲಸ ನಿಲ್ಲುವಂಥದ್ದೇ. ಲೆಕ್ಕ ಹಾಕುವುದು ಅವಿಶ್ವಾಸವಲ್ಲ. ‘ಕರ್ತನ ಚಿತ್ತವಿದ್ದರೆ ಇಂಥಿಂಥದ್ದನ್ನು ಮಾಡುವೆವು’ ಎಂದು ಯಾಕೋಬನ ಪತ್ರಿಕೆ ಹೇಳಿಸುವುದು ಯೋಜನೆ ಇಟ್ಟುಕೊಂಡವರ ಬಾಯಿಂದ.

ಇನ್ನೊಂದು. ನಿಮ್ಮ ಪ್ರಶ್ನೆಯನ್ನು ಎರಡು ಸಾರಿ ಓದಿದೆ. ನಿಮ್ಮ ಭಯ ಇದೆ, ಸಭೆಯವರ ಮಾತಿದೆ. ಯಜಮಾನರ ಮನಸ್ಸಿನಲ್ಲಿ ಏನಿದೆ ಎಂಬುದು ಎಲ್ಲಿಯೂ ಇಲ್ಲ. ಅವರನ್ನು ಕೇಳಿದ್ದೀರಾ?

ಪ್ರಶ್ನೆ ಕೇಳಿದವರು:

ಕೇಳಿರಲಿಲ್ಲ. ನಿನ್ನೆ ಕೇಳಿದೆ. ರಾತ್ರಿಯ ರಸ್ತೆ ತಮಗೆ ಇಷ್ಟ, ಹಗಲಿನ ಗದ್ದಲ ಆಗುವುದಿಲ್ಲ ಎಂದರು. ಹಾಗೆಯೇ, ಕ್ಲಚ್ ಒತ್ತುವಾಗ ಆ ಕಾಲು ಈಗಲೂ ನೋಯುತ್ತದೆ, ನೀನು ಹೆದರುತ್ತೀಯ ಎಂದು ಹೇಳಲಿಲ್ಲ ಎಂದೂ ಹೇಳಿದರು. ಸೋಮವಾರ ಮೂಳೆ ವೈದ್ಯರನ್ನು ಕಾಣುತ್ತೇವೆ, ಕೆಲಸದ ನಿರ್ಧಾರ ಅದಾದ ಮೇಲೆ. ಲಾರಿ ಓಡಿಸುವ ಸಹೋದರರೇ, ‘ನಿಂತಿದ್ದೇನೆ’ ಎಂಬ ಸಂದೇಶದ ವಿಷಯ ಅವರಿಗೆ ಹಿಡಿಸಿತು. ಮತ್ತೆ ಹೊರಟಾಗಲೂ ನೀವು ಏನಾದರೂ ಕಳುಹಿಸುತ್ತೀರಾ, ಅಥವಾ ತಲುಪಿದ ಮೇಲೆಯೇ?