ಒಬಿಡಿ ಲಾಗರ್: ಒಂದು ಸುತ್ತಿಗೆ 4.4 ಸೆಕೆಂಡ್, ಬೇಗ ಮಾಡಲು ಹೋದರೆ ಗ್ರಾಫ್ ತುಂಬ ಹಳ್ಳ

ಹಳೇಗಾಡಿ1200

ಪೈಥಾನ್‌ನಲ್ಲಿ ಗಾಡಿಯ ಒಬಿಡಿ (ದೋಷ ಪತ್ತೆಯ) ಕನೆಕ್ಟರಿನಿಂದ ಎಂಜಿನ್ ಮಾಹಿತಿ ಓದಿ ದಾಖಲಿಸುವ ಲಾಗರ್ ಬರೆಯುತ್ತಿದ್ದೇನೆ. ಗಾಡಿ 2012ರ 1.2 ಲೀಟರ್ ಪೆಟ್ರೋಲ್, ಮ್ಯಾನುಯಲ್. ಅಡಾಪ್ಟರ್ ಇಎಲ್‌ಎಂ327 ಹೆಸರಿನ ಅಗ್ಗದ ಬ್ಲೂಟೂತ್ ಡಬ್ಬಿ. ಎಟಿ ಐ (ಆವೃತ್ತಿ) ಕೇಳಿದರೆ ‘ವಿ1.5’ ಅನ್ನುತ್ತೆ, ಎಟಿ ಡಿಪಿಎನ್‌ಗೆ (ಗಾಡಿಯ ಜೊತೆ ಮಾತಾಡುವ ಪ್ರೋಟೊಕಾಲ್ ಯಾವುದು) ಉತ್ತರ ಎ5. ಲ್ಯಾಪ್‌ಟಾಪಿನಲ್ಲಿ ಉಬುಂಟು, ಆರ್‌ಎಫ್‌ಕಾಮ್ ಪೋರ್ಟ್, ಪೈಸೀರಿಯಲ್ ಲೈಬ್ರರಿ.

ಕೋಡ್ ಮಾಡೋದು ಇಷ್ಟೇ: 010ಸಿ (ಆರ್‌ಪಿಎಂ), 010ಡಿ (ವೇಗ), 0105 (ಕೂಲೆಂಟ್), 0111 (ಥ್ರಾಟಲ್) ಒಂದಾದ ಮೇಲೊಂದು ಕಳಿಸಿ, ಪ್ರತಿ ಸಲ ರೀಡ್‌ಲೈನ್‌ನಲ್ಲಿ ಉತ್ತರ ಓದಿ, ಕೊನೆಯ ಒಂದೋ ಎರಡೋ ಬೈಟ್ ತೆಗೆದು ಲೆಕ್ಕ ಹಾಕಿ, ಸಿಎಸ್‌ವಿಗೆ ಬರೆದು 0.1 ಸೆಕೆಂಡ್ ಸ್ಲೀಪ್. ಟೈಮ್‌ಔಟ್ 1 ಸೆಕೆಂಡ್ ಇಟ್ಟರೆ ಎಲ್ಲ ಸರಿ, ಆದರೆ ಒಂದು ಸುತ್ತು ಮುಗಿಯಲು 4.4 ಸೆಕೆಂಡ್ ಬೇಕು. ಟೈಮ್‌ಔಟ್ 0.1ಕ್ಕೆ ಇಳಿಸಿದರೆ ವೇಗವೇನೋ ಬರುತ್ತೆ, ಜೊತೆಗೆ ಕಾಟವೂ: 2000 ಆರ್‌ಪಿಎಂನಲ್ಲಿ ಹೋಗುವಾಗ ನಡುನಡುವೆ 350.75, 842 ಅಂತ ಬೀಳುತ್ತೆ. ಕೂಲೆಂಟ್ ಒಮ್ಮೊಮ್ಮೆ 208 ಡಿಗ್ರಿ. ಆಗಾಗ ‘ಸ್ಟಾಪ್ಡ್’ ಎಂಬ ಉತ್ತರ.

ಇದು ಗಾಡಿಯ ಮಿತಿಯೋ, ಡಬ್ಬಿಯ ತಪ್ಪೋ, ಕೋಡೋ? ಇದೇ ಡೇಟಾದಿಂದ ಮೈಲೇಜ್ ಲೆಕ್ಕ ಹಾಕಬೇಕು, ಆಮೇಲೆ ಲ್ಯಾಪ್‌ಟಾಪ್ ಬಿಟ್ಟು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂಗೆ ಹಾಕಿ ಗ್ಲೋವ್‌ಬಾಕ್ಸಿನಲ್ಲಿ ಇಡಬೇಕು ಅಂತ ಇದೆ.

ಸೀರಿಯಲ್_ಶಾನುಭೋಗ

ಕೋಡ್. ನಿಮ್ಮ ಅಂಕಿಗಳೇ ಹೇಳುತ್ತಿವೆ.

ಆ 350.75 ಎಲ್ಲಿಂದ ಬಂತು ನೋಡಿ. ಕೂಲೆಂಟ್ 83 ಡಿಗ್ರಿ ಇದ್ದಾಗ ಇಸಿಯು (ಎಂಜಿನ್ ಕಂಪ್ಯೂಟರ್) ಕೊಡುವ ಉತ್ತರ 41 05 7ಬಿ (ಹೆಕ್ಸ್ 7ಬಿ ಅಂದರೆ 123, ಅದರಲ್ಲಿ 40 ಕಳೆದರೆ 83). ಇದರ ಕೊನೆಯ ಎರಡು ಬೈಟನ್ನು ಆರ್‌ಪಿಎಂ ಅಂದುಕೊಂಡರೆ 5×256+123 = 1403, ಭಾಗಿಸು 4, ಅಲ್ಲಿಗೆ 350.75. ಹಾಗೇ 842 ಅಂದರೆ 41 0ಡಿ 28, ಗಂಟೆಗೆ 40 ಕಿ.ಮೀ. ಕೂಲೆಂಟಿನ 208 ಯಾವುದೋ ಆರ್‌ಪಿಎಂ ಉತ್ತರದ ಬಾಲ: 41 0ಸಿ 1ಎ ಎಫ್8ರಲ್ಲಿ ಎಫ್8 ಅಂದರೆ 248, ಕಳೆ 40. ಯಾವ ಸೆನ್ಸರೂ ಕೆಟ್ಟಿಲ್ಲ. ಒಂದು ಪ್ರಶ್ನೆಯ ಉತ್ತರ ಇನ್ನೊಂದರ ಲೆಕ್ಕಕ್ಕೆ ಜಮೆ ಆಗುತ್ತಿದೆ.

ಕಾರಣ ರೀಡ್‌ಲೈನ್. ಅದು ಲೈನ್‌ಫೀಡ್ ಅಕ್ಷರಕ್ಕಾಗಿ ಕಾಯುತ್ತೆ. ಇಎಲ್‌ಎಂ ಸಾಲು ಮುಗಿಸುವುದು ಕ್ಯಾರೇಜ್ ರಿಟರ್ನ್‌ನಿಂದ, ಇಡೀ ಉತ್ತರ ಮುಗಿಸುವುದು > ಚಿಹ್ನೆಯಿಂದ. ಎಟಿ ಎಲ್1 ಕೊಡದಿದ್ದರೆ ಲೈನ್‌ಫೀಡ್ ಬರುವುದೇ ಇಲ್ಲ. ಹಾಗಾಗಿ ಪ್ರತಿ ಓದೂ ಪೂರ್ತಿ ಟೈಮ್‌ಔಟ್ ತಿನ್ನುತ್ತೆ: 1 ಸೆಕೆಂಡ್, ಮೇಲೆ ನಿಮ್ಮ 0.1 ಸ್ಲೀಪ್, ಗುಣಿಸು 4. ಟೈಮ್‌ಔಟ್ ಕಡಿಮೆ ಮಾಡಿದಾಗ ಉತ್ತರ ಬರುವ ಮುಂಚೆಯೇ ಮುಂದಿನ ಕಮಾಂಡ್ ಹೋಗುತ್ತೆ. ಡಬ್ಬಿ ಕೆಲಸದಲ್ಲಿರುವಾಗ ಒಂದು ಅಕ್ಷರ ಬಂದರೂ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ‘ಸ್ಟಾಪ್ಡ್’ ಅನ್ನುತ್ತೆ.

ಹೀಗೆ ಮಾಡಿ:

ಶುರುವಿನಲ್ಲಿ ಎಟಿ ಜೆಡ್ (ರೀಸೆಟ್), ಆಮೇಲೆ ಎಟಿ ಇ0 (ಎಕೋ ಬೇಡ), ಎಟಿ ಎಲ್0, ಎಟಿ ಎಸ್0 (ಖಾಲಿ ಜಾಗ ಬೇಡ, ಬೈಟ್ ಉಳಿತಾಯ), ಎಟಿ ಎಚ್1 (ಹೆಡರ್, ಚೆಕ್‌ಸಮ್ ಕೂಡ ತೋರಿಸು). ಪ್ರತಿಯೊಂದಕ್ಕೂ > ಬರುವ ತನಕ ಕಾಯಿರಿ. ನಂತರ ಒಮ್ಮೆ 0100. ಮೊದಲ ಉತ್ತರದ ಮುಂದೆ ‘ಸರ್ಚಿಂಗ್...’ ಅಥವಾ ‘ಬಸ್ ಇನಿಟ್’ ಅಂಟಿಕೊಂಡು ಬರುತ್ತೆ, ಅದನ್ನು ಕಿತ್ತು ಹಾಕಿ. 0100ರ ನಾಲ್ಕು ಬೈಟಿನ 32 ಬಿಟ್‌ಗಳೇ 01ರಿಂದ ಹೆಕ್ಸ್ 20ರವರೆಗೆ ಯಾವ ಪಿಐಡಿ (0ಸಿ, 0ಡಿಯಂಥ ಮಾಹಿತಿ ಸಂಖ್ಯೆ) ಇದೆ ಎಂಬ ಪಟ್ಟಿ. ಇಲ್ಲದ್ದನ್ನು ಕೇಳಬೇಡಿ, ಪ್ರತಿ ‘ನೋ ಡೇಟಾ’ಗೂ ಸಮಯ ದಂಡ.

ಓದಲು ಪೈಸೀರಿಯಲ್‌ನ ರೀಡ್ ಅನ್‌ಟಿಲ್ ಬಳಸಿ, > ಕೊಡಿ. ಟೈಮ್‌ಔಟ್ 2 ಸೆಕೆಂಡ್ ಇದ್ದರೂ ಚಿಂತೆಯಿಲ್ಲ, ಉತ್ತರ ಬಂದ ತಕ್ಷಣ ವಾಪಸ್ ಬರುತ್ತೆ. ಸ್ಲೀಪ್ ತೆಗೆಯಿರಿ. ಟೈಮ್‌ಔಟ್ ನಿಜವಾಗಿಯೂ ಆದರೆ ಇನ್‌ಪುಟ್ ಬಫರ್ ಖಾಲಿ ಮಾಡಿ, ಬರೀ ಒಂದು ಕ್ಯಾರೇಜ್ ರಿಟರ್ನ್ ಕಳಿಸಿ, > ಬಂದ ಮೇಲೆ ಮುಂದುವರಿಯಿರಿ.

ಎಚ್1 ಹಾಕಿದ ಮೇಲೆ ಕೆಡಬ್ಲ್ಯೂಪಿ (ನಿಮ್ಮ ಎ5 ಹೇಳುವ ಪ್ರೋಟೊಕಾಲ್) ಗಾಡಿಯಲ್ಲಿ ಉತ್ತರ ಹೀಗಿರುತ್ತೆ: 84 ಎಫ್1 10 41 0ಸಿ 1ಎ ಎಫ್8 ಇ4. ಕೊನೆಯ ಇ4 ಚೆಕ್‌ಸಮ್, ಹಿಂದಿನದನ್ನೆಲ್ಲ ಕೂಡಿ 256ರಿಂದ ಭಾಗಿಸಿ ಉಳಿದ ಶೇಷ. 41 ಇದೆಯೇ, ಅದರ ಪಕ್ಕ ನೀವು ಕೇಳಿದ ಪಿಐಡಿಯೇ ಇದೆಯೇ, ಚೆಕ್‌ಸಮ್ ಸರಿಯೇ? ಮೂರರಲ್ಲಿ ಒಂದು ತಪ್ಪಿದರೂ ಆ ಸಾಲು ಕಸ.

ಗ್ರಾಫ್‌ಮರುಳ

ಹಳೇ ಲಾಗ್ ಉಳಿಸಿಕೊಳ್ಳಬೇಕಾದರೆ 5 ಪಾಯಿಂಟ್‌ನ ಮೀಡಿಯನ್ ಫಿಲ್ಟರ್ ಹಾಕಿ, ಹಳ್ಳಗಳು ಹೋಗುತ್ತವೆ.

ಸೀರಿಯಲ್_ಶಾನುಭೋಗ

ಬೇಡ ಮಾರಾಯ್ರೆ. 842 ಅನ್ನೋದು ಐಡ್ಲಿಂಗ್‌ನಲ್ಲಿ ನಿಜವಾಗಿಯೂ ಬರಬಹುದಾದ ಸಂಖ್ಯೆ. ಕ್ಲಚ್ ಒತ್ತಿ ಕಾಲು ತೆಗೆದಾಗಿನ 842 ಯಾವುದು, 40 ಕಿ.ಮೀ. ವೇಗದ 842 ಯಾವುದು ಅಂತ ಫಿಲ್ಟರ್‌ಗೆ ಹೇಗೆ ಗೊತ್ತಾಗಬೇಕು? ಹಳೇ ಸಿಎಸ್‌ವಿ ಎಸೆಯಿರಿ. ಇನ್ನು ಮುಂದೆ ಲೆಕ್ಕ ಹಾಕಿದ ಬೆಲೆಯ ಪಕ್ಕದಲ್ಲೇ ಕಚ್ಚಾ ಉತ್ತರವನ್ನೂ ಬರೆದಿಡಿ. ಸೂತ್ರ ತಪ್ಪಿದ್ದರೆ ಮತ್ತೆ ಗಾಡಿ ಓಡಿಸಬೇಕಿಲ್ಲ.

ಕೆಲೈನ್

ಶಾನುಭೋಗರು ಹೇಳಿದ್ದು ಮಾಡಿದ ಮೇಲೂ ಒಂದು ಗೋಡೆ ಸಿಗುತ್ತೆ. ಎ5 ಅಂದರೆ ಕೆಡಬ್ಲ್ಯೂಪಿ, ಫಾಸ್ಟ್ ಇನಿಟ್ (ಎ ಅಂದರೆ ಆಟೋ). ಎಲ್ಲವೂ ಕನೆಕ್ಟರಿನ 7ನೇ ಪಿನ್ನಿನ ಒಂದೇ ತಂತಿಯಲ್ಲಿ, ಸೆಕೆಂಡಿಗೆ 10,400 ಬಿಟ್. ಒಂದು ಬೈಟ್‌ಗೆ ಹತ್ತಿರ ಹತ್ತಿರ 1 ಮಿಲಿಸೆಕೆಂಡ್, ಉತ್ತರಕ್ಕೆ ಮುಂಚೆ 25ರಿಂದ 50, ಉತ್ತರವಾದ ಮೇಲೆ ಮುಂದಿನ ಪ್ರಶ್ನೆಗೆ ಕನಿಷ್ಠ 55 ಮಿಲಿಸೆಕೆಂಡ್ ಬಿಡುವು. ಬ್ಲೂಟೂತ್ ತಡವೂ ಸೇರಿದರೆ ಸೆಕೆಂಡಿಗೆ 5-6 ಉತ್ತರ ಸಿಕ್ಕರೆ ಅದೇ ಹೆಚ್ಚು.

ಅದೂ ಸುಮ್ಮನೆ ಸಿಗಲ್ಲ. ಉತ್ತರ ಬಂದ ಮೇಲೂ ‘ಇನ್ನೊಂದು ಇಸಿಯು ಮಾತಾಡಬಹುದು’ ಅಂತ ಡಬ್ಬಿ ಕಾಯುತ್ತೆ. ಕಮಾಂಡಿನ ಕೊನೆಗೆ 1 ಸೇರಿಸಿ, 010ಸಿ1 ಎಂದು ಕಳಿಸಿದರೆ ಒಂದು ಉತ್ತರ ಬಂದ ಕೂಡಲೇ > ಕೊಡುತ್ತೆ. ಆದರೆ ನಿಮ್ಮದು ನಕಲಿ: ಅಸಲಿ ಇಎಲ್‌ಎಂ327ರಲ್ಲಿ 1.5 ಎಂಬ ಆವೃತ್ತಿ ಬಂದೇ ಇಲ್ಲ, 1.4ಬಿ ಆದ ಮೇಲೆ ನೇರ 2.0. ನಕಲಿಗಳಲ್ಲಿ ಕೆಲವು ಆ 1 ನೋಡಿ ? ಅನ್ನುತ್ತವೆ. ಹಾಗಾದರೆ ಎಟಿ ಎಸ್‌ಟಿ 19 ಕೊಡಿ. ಲೆಕ್ಕ 4 ಮಿಲಿಸೆಕೆಂಡಿನ ಘಟಕದಲ್ಲಿ, ಹೆಕ್ಸ್ 19 ಅಂದರೆ 25, ಒಟ್ಟು 100 ಮಿಲಿಸೆಕೆಂಡ್. ಮೊದಲಿರುವುದು 32, ಅಂದರೆ 200. ತೀರಾ ಇಳಿಸಿದರೆ ಇಸಿಯು ಬಾಯಿ ತೆರೆಯುವ ಮುಂಚೆಯೇ ‘ನೋ ಡೇಟಾ’.

ಆ ಐದಾರನ್ನು ಸಮನಾಗಿ ಹಂಚಬೇಡಿ. ಕೂಲೆಂಟ್ ಹತ್ತು ಸೆಕೆಂಡಿಗೊಮ್ಮೆ ಸಾಕು. ಮೈಲೇಜ್ ಬೇಕು ಅಂದಿದ್ದೀರಿ, ಹಾಗಾದರೆ 010ಬಿ (ಮ್ಯಾನಿಫೋಲ್ಡ್ ಒತ್ತಡ) ಮುಖ್ಯ. ಆರ್‌ಪಿಎಂ, ಒತ್ತಡ, ಆರ್‌ಪಿಎಂ, ಒತ್ತಡ, ವೇಗ. ಸುತ್ತಿನ ಕೊನೆಯ ಜಾಗದಲ್ಲಿ ಸರದಿಯಂತೆ ಕೂಲೆಂಟ್, ಗಾಳಿಯ ಉಷ್ಣತೆ (010ಎಫ್), ಇಂಧನ ಸ್ಥಿತಿ (0103). ಐದು ಸೆಕೆಂಡ್ ಏನೂ ಕೇಳದಿದ್ದರೆ ಇಸಿಯು ಸೆಷನ್ ಮುಚ್ಚಿಬಿಡುತ್ತೆ, ಅಸಲಿ ಚಿಪ್ ತಾನೇ ಎಚ್ಚರಿಸುತ್ತಿರುತ್ತೆ, ನಕಲಿ ನಂಬಬೇಡಿ.

ಕ್ಯಾನ್ (ಇದಕ್ಕಿಂತ ವೇಗದ ಪ್ರೋಟೊಕಾಲ್) ಇರುವ ಗಾಡಿಯವರು ಓದುತ್ತಿದ್ದರೆ: ನಿಮಗೆ ಒಂದೇ ಪ್ರಶ್ನೆಯಲ್ಲಿ ಆರು ಪಿಐಡಿವರೆಗೆ ಕೇಳಬಹುದು, 010ಸಿ0ಬಿ0ಡಿ ಹೀಗೆ. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸಿನ ಕಂಪ್ಯೂಟರೂ ಉತ್ತರಿಸಬಹುದು. ಎಟಿ ಎಸ್‌ಎಚ್ 7ಇ0 ಕೊಟ್ಟರೆ ಎಂಜಿನ್ ಮಾತ್ರ ಉತ್ತರಿಸುತ್ತೆ.

ಇನ್ನೊಂದು. ‘ಏನೇನಿದೆ ನೋಡೋಣ’ ಅಂತ 01ರಿಂದ 0ಎವರೆಗೆ ಎಲ್ಲ ಮೋಡ್ (ಕಮಾಂಡಿನ ಮೊದಲೆರಡು ಅಂಕಿ) ಕಳಿಸುವ ಲೂಪ್ ಬರೆಯಬೇಡಿ. 04 ಅಂದರೆ ದೋಷದ ಕೋಡ್‌ಗಳನ್ನೆಲ್ಲ ಅಳಿಸು ಅಂತ.

ಹಳೇಗಾಡಿ1200

010ಸಿ1 ಕೆಲಸ ಮಾಡಿತು. 10 ನಿಮಿಷಕ್ಕೆ 3,100 ಉತ್ತರ, ಕಸ 2 ಮಾತ್ರ. ಈ ಗಾಡಿಯಲ್ಲಿ 0110 (ಗಾಳಿಯ ಹರಿವು) ಇಲ್ಲ, 010ಬಿ ಇದೆ. ಮೈಲೇಜ್ ಹೇಗೆ?

ಗ್ರಾಫ್‌ಮರುಳ

ಒತ್ತಡದಿಂದ ಗಾಳಿ, ಗಾಳಿಯಿಂದ ಪೆಟ್ರೋಲ್. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತೆ, ಹಾಗಾಗಿ ಆರ್‌ಪಿಎಂ ಭಾಗಿಸು 120:

ಗಾಳಿ (ಸೆಕೆಂಡಿಗೆ ಗ್ರಾಂ) = (ಆರ್‌ಪಿಎಂ ÷ 120) × ಲೀಟರ್ × ತುಂಬುವ ಪ್ರಮಾಣ × ಒತ್ತಡ (ಕಿಲೋಪಾಸ್ಕಲ್) × 28.97 ÷ (8.314 × ಕೆಲ್ವಿನ್)

2000 ಆರ್‌ಪಿಎಂ, 1.2 ಲೀಟರ್, ತುಂಬುವ ಪ್ರಮಾಣ (ಸಿಲಿಂಡರ್ ನಿಜಕ್ಕೂ ಎಷ್ಟು ಪಾಲು ತುಂಬುತ್ತೆ) 0.8, ಒತ್ತಡ 40, ಗಾಳಿ 45 ಡಿಗ್ರಿ (318 ಕೆಲ್ವಿನ್) ಹಾಕಿದರೆ 7 ಗ್ರಾಂ. ಇಂಟರ್ನೆಟ್ಟಿನ ಎಲ್ಲ ಕೋಡೂ ಇಲ್ಲಿ 14.7ರಿಂದ (ಒಂದು ಗ್ರಾಂ ಪೆಟ್ರೋಲಿಗೆ ಬೇಕಾದ ಗಾಳಿಯ ಗ್ರಾಂ) ಭಾಗಿಸುತ್ತೆ. ಅದು ಶುದ್ಧ ಪೆಟ್ರೋಲಿಗೆ. ನಮ್ಮ ಬಂಕುಗಳಲ್ಲಿ ಈಗ ಸಿಗೋದು ಇ20 (20% ಎಥನಾಲ್ ಬೆರೆತ ಪೆಟ್ರೋಲ್), ಅದಕ್ಕೆ 13.5ರ ಹತ್ತಿರ. 7 ÷ 13.5 × 3600 ÷ 750 (ಲೀಟರಿಗೆ ಗ್ರಾಂ) ಅಂದರೆ ಗಂಟೆಗೆ 2.5 ಲೀಟರ್, ಗಾಡಿ 40ರಲ್ಲಿದ್ದರೆ ಲೀಟರಿಗೆ 16. 14.7 ಬಳಸಿದರೆ ಸುಮಾರು 9% ಜಾಸ್ತಿ ಮೈಲೇಜ್ ತೋರಿಸಿ ಖುಷಿಪಡಿಸುತ್ತೆ.

0.8 ನನ್ನ ಅಂದಾಜು. ಟ್ಯಾಂಕ್ ಫುಲ್ ಮಾಡಿಸಿ, 300 ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮೊದಲ ಕಟ್‌ಆಫ್‌ವರೆಗೆ ಮತ್ತೆ ಫುಲ್. ಬಿದ್ದ ಲೀಟರ್ ಭಾಗಿಸು ಲಾಗ್ ಹೇಳಿದ ಲೀಟರ್, ಅದರಿಂದ 0.8ನ್ನು ಗುಣಿಸಿ.

ಘಾಟಿ ಇಳಿಯುವಾಗ ಸೂತ್ರ ಸುಳ್ಳು ಹೇಳುತ್ತೆ. ಗೇರಿನಲ್ಲೇ ಕಾಲು ತೆಗೆದರೆ ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತೆ, ಗಾಳಿ ಮಾತ್ರ ಹೋಗುತ್ತಿರುತ್ತೆ. ಆಗ 0103ರ ಉತ್ತರ 04. ಜೋರಾಗಿ ತುಳಿದಾಗಲೂ 04 ಬರಬಹುದು, ಆದ್ದರಿಂದ ಥ್ರಾಟಲ್ ಮುಚ್ಚಿದೆಯೇ, ಇಲ್ಲವೇ ಒತ್ತಡ 30ಕ್ಕಿಂತ ಕೆಳಗಿದೆಯೇ ಅಂತಲೂ ನೋಡಿ ಸೊನ್ನೆ ಹಾಕಿ.

ಗ್ರಾಫ್‌ನಲ್ಲಿ ಕೂಲೆಂಟ್, ವೇಗಗಳನ್ನು ಓರೆ ಗೆರೆಯಿಂದ ಸೇರಿಸಬೇಡಿ, ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ಟೆಪ್ ಬಳಸಿ, ‘ಪೋಸ್ಟ್’ ಕೊಡಿ. ಪ್ರತಿ ಪಿಐಡಿಯ ಸಮಯ ಬೇರೆ ಆದ್ದರಿಂದ ಒಂದೇ ಸಾಲಿಗೆ ತರಲು ಪಾಂಡಾಸ್‌ನ ಮರ್ಜ್ ಆ್ಯಸ್‌ಆಫ್ (merge_asof) ಇದೆ. ಟಾಲರೆನ್ಸ್ ಆರ್‌ಪಿಎಂ, ಒತ್ತಡಕ್ಕೆ 1 ಸೆಕೆಂಡ್ ಇಡಿ, ಇಲ್ಲದಿದ್ದರೆ ಬ್ಲೂಟೂತ್ ತಪ್ಪಿದ ಅರ್ಧ ನಿಮಿಷವೂ ಹಳೇ ಬೆಲೆಯಿಂದ ತುಂಬಿಕೊಳ್ಳುತ್ತೆ.

ಕೆಲೈನ್

ಪೈ ವಿಷಯ. ಸಿಗರೇಟ್ ಸಾಕೆಟ್ಟಿನಿಂದ ಕರೆಂಟ್ ಕೊಟ್ಟರೆ ಹಲವು ಗಾಡಿಗಳಲ್ಲಿ ಸ್ಟಾರ್ಟರ್ ತಿರುಗಿಸುವಾಗ ಅದು ಕಟ್ ಆಗುತ್ತೆ, ಪೈ ಅರ್ಧ ಬೂಟ್‌ನಲ್ಲಿ ಸಾಯುತ್ತೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಚಾರ್ಜರ್ ಸಿಕ್ಕಿಸಿ, ಇಲ್ಲವೇ ನಡುವೆ ಸಣ್ಣ ಪವರ್ ಬ್ಯಾಂಕ್ ಇಡಿ. ಚಾರ್ಜ್ ಆಗುತ್ತಲೇ ಕರೆಂಟ್ ಕೊಡುವಂಥದ್ದೇ ಬೇಕು. ಸಿಎಸ್‌ವಿ ಬಿಟ್ಟು ಎಸ್‌ಕ್ಯೂಲೈಟ್, ಡಬ್ಲ್ಯೂಎಎಲ್ ಮೋಡ್ (ಕರೆಂಟ್ ಹೋದರೂ ಡೇಟಾಬೇಸ್ ಕೆಡದಂತೆ), 2 ಸೆಕೆಂಡಿಗೊಂದು ಕಮಿಟ್.

ಈ ಪೈಗೆ ಸ್ವಂತ ಗಡಿಯಾರವಿಲ್ಲ. ನೆಟ್ ಸಿಗದಿದ್ದರೆ ಕಳೆದ ಸಲ ಆರಿದ ಸಮಯದಿಂದಲೇ ಎಣಿಸಲು ಶುರುಮಾಡುತ್ತೆ, ದಾರಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಸಿಕ್ಕ ಕ್ಷಣ ಗಂಟೆಗಟ್ಟಲೆ ಹಾರುತ್ತೆ. ಸಾಲುಗಳಿಗೆ ಮೊನೊಟಾನಿಕ್ (ಹಿಂದೆ ಮುಂದೆ ಹಾರದ) ಸಮಯ, ಪ್ರತಿ ಓಟಕ್ಕೊಂದು ಟ್ರಿಪ್ ನಂಬರ್. ತಾರೀಖು ಬೇಕೇ ಬೇಕೆಂದರೆ ಡಿಎಸ್3231 ಗಡಿಯಾರದ ಮಾಡ್ಯೂಲ್.

ಮತ್ತೆ, 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿ ಕರೆಂಟ್ ಇರುತ್ತೆ. ಡಬ್ಬಿ 45 ಮಿಲಿಆಂಪ್ ಎಳೆದರೆ ದಿನಕ್ಕೆ 1.08 ಆಂಪ್‌ಅವರ್, 35 ಆಂಪ್‌ಅವರ್‌ನ ಬ್ಯಾಟರಿ ಸುಮಾರು 16 ದಿನದಲ್ಲಿ ಅರ್ಧಕ್ಕೆ ಇಳಿಯುತ್ತೆ. ಊರಿಗೆ ಹೋಗುವ ಮುಂಚೆ ಕಿತ್ತಿಡಿ.