ಯಾವ ಪ್ರಕಾಶಕರನ್ನು ನಂಬಿ ಉಳಿದಿರಿ? ಸೂಪರ್‌ಹೀರೋ ಕಾಮಿಕ್ಸ್ ಓದುಗರ ಅನುಭವ ಹಂಚಿಕೆ

ಶಿರಸಿಯ ಅಪ್ಪ (ಪ್ರಶ್ನೆ):
ಹನ್ನೆರಡು ವರ್ಷದ ನನ್ನ ಮಗಳು ಸೂಪರ್‌ಹೀರೋ ಸಿನಿಮಾಗಳನ್ನೆಲ್ಲ ನೋಡಿ ಮುಗಿಸಿ, ಈಗ ಮೂಲ ಕಾಮಿಕ್ಸನ್ನೇ ಓದಬೇಕೆಂದು ಹಟ ಹಿಡಿದಿದ್ದಾಳೆ. ತಿಂಗಳಿಗೆ 1,500 ರೂಪಾಯಿಯವರೆಗೆ ತೆಗೆದಿರಿಸಬಲ್ಲೆ. ಮಾರ್ವೆಲ್, ಡಿಸಿ, ಇಮೇಜ್ ಇವುಗಳಲ್ಲಿ ಒಂದನ್ನು ಹಿಡಿದರೆ ಐದಾರು ವರ್ಷ ನಡುನೀರಿನಲ್ಲಿ ಕೈಬಿಡದೆ ಓದಿಸಿಕೊಂಡು ಹೋಗುವ ಪ್ರಕಾಶಕರು ಯಾರು, ನೀವು ಯಾರ ಜೊತೆ ಉಳಿದಿರಿ, ಏಕೆ ಉಳಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ನಮ್ಮದು ಹೆಂಚಿನ ಮನೆ. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯದಂತೆ ಕಾಪಾಡುವ ಉಪಾಯವಿದ್ದರೆ ಅದನ್ನೂ ಬರೆಯಿರಿ.

ಎಡಿಸನ್ ಕನ್ನಡಿಗ:
ನಾನು ಡಿಸಿ ಓದುಗ. 1998ರಲ್ಲಿ ನ್ಯೂಜೆರ್ಸಿಗೆ ಬಂದ ಮೊದಲ ಚಳಿಗಾಲದಲ್ಲಿ, ಇನ್ನೂ ಕಾರು ಕೊಂಡಿರದಿದ್ದಾಗ, ಎರಡು ಬಸ್ಸು ಬದಲಿಸಿ ಹೋಗಿ ಒಂದು ಅಂಗಡಿಯಲ್ಲಿ ನನ್ನ ಹೆಸರಿಗೆ ಪ್ರತಿ ತಿಂಗಳೂ ಎಂಟು ಸರಣಿಗಳನ್ನು ಎತ್ತಿಡುವಂತೆ ಹೇಳಿ ಬಂದೆ. ಹದಿಮೂರು ವರ್ಷ ಆ ಎಂಟು ಎಂಟಾಗಿಯೇ ಉಳಿದವು. 2011ರ ಜನವರಿಯಲ್ಲಿ ಡಿಸಿ ತನ್ನ ಮಾಸಿಕಗಳ ಬೆಲೆಯನ್ನು 2.99 ಡಾಲರಿಗೆ ನಿಲ್ಲಿಸಿ, ಕಥೆಯ ಪುಟಗಳನ್ನು 22ರಿಂದ 20ಕ್ಕೆ ಇಳಿಸಿತು. ಬಹಳ ಜನ ಎರಡು ಪುಟ ಹೋಯಿತೆಂದು ಗೊಣಗಿದರು. ನಾನು ಲೆಕ್ಕ ಹಾಕಿದೆ: ಬೇರೆಯವರು ಕೇಳುತ್ತಿದ್ದ 3.99ಕ್ಕೆ 22 ಪುಟವೆಂದರೆ ಪುಟವೊಂದಕ್ಕೆ 18 ಸೆಂಟ್, 2.99ಕ್ಕೆ 20 ಪುಟವೆಂದರೆ 15 ಸೆಂಟ್. ಎಂಟು ಸರಣಿಗಳಿಗೆ ತಿಂಗಳಿಗೆ 23.92, ವರ್ಷಕ್ಕೆ 287.04 ಡಾಲರ್. ಓದುಗನ ಜೇಬಿನ ಬಗ್ಗೆ ಯೋಚಿಸುವ ಪ್ರಕಾಶಕರೂ ಇದ್ದಾರಲ್ಲ ಎಂದು ಹಿಗ್ಗಿದೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ನ್ಯೂ 52' ಎಂದು ಹೆಸರಿಟ್ಟು ಐವತ್ತೆರಡು ಸರಣಿಗಳನ್ನೂ ಒಂದನೆಯ ಸಂಚಿಕೆಯಿಂದ, ಕಥೆಯನ್ನೂ ಹೊಸದಾಗಿ ಕಟ್ಟಿ, ಆರಂಭಿಸಿದರು. 1938ರಿಂದ ನಡೆದುಬಂದಿದ್ದ ಸೂಪರ್‌ಮ್ಯಾನನ ಆ್ಯಕ್ಷನ್ ಕಾಮಿಕ್ಸ್ 904ಕ್ಕೆ ನಿಂತಿತು, ಬ್ಯಾಟ್‌ಮ್ಯಾನನ ಡಿಟೆಕ್ಟಿವ್ ಕಾಮಿಕ್ಸ್ 881ಕ್ಕೆ ನಿಂತಿತು. ಸಂಖ್ಯೆ ಹೋದದ್ದಕ್ಕೆ ನನಗೆ ಅಷ್ಟು ದುಃಖವಿರಲಿಲ್ಲ. 1996ರಲ್ಲಿ ಮದುವೆಯಾಗಿದ್ದ ಸೂಪರ್‌ಮ್ಯಾನ್ ಮತ್ತು ಲೋಯಿಸ್ ಲೇನ್ ಮದುವೆಯೇ ಆಗಿರಲಿಲ್ಲವೆಂದಾಯಿತಲ್ಲ, ಅದನ್ನು ಸಹಿಸಲಾಗಲಿಲ್ಲ. ನಾನು ಓದಿದ್ದ ಹದಿಮೂರು ವರ್ಷವನ್ನು ಯಾರೋ ಖಾತೆಯಿಂದ ಹೊಡೆದುಹಾಕಿದಂತಾಯಿತು. ಮುಂದಿನ ವಾರವೇ ಹೋಗಿ ಎಂಟನ್ನೂ ನಿಲ್ಲಿಸಿದೆ.

ಐದು ವರ್ಷ ಮುಟ್ಟಲಿಲ್ಲ. 2016ರಲ್ಲಿ ಡಿಸಿ 'ರೀಬರ್ತ್' ಎಂದು ಮತ್ತೊಮ್ಮೆ ಹೊಸದಾಗಿ ಆರಂಭಿಸಿದಾಗ ಹಳೆಯ ಸೂಪರ್‌ಮ್ಯಾನ್ ಹೆಂಡತಿ ಮತ್ತು ಮಗನ ಸಮೇತ ಮರಳಿದ, ಆ್ಯಕ್ಷನ್ ಕಾಮಿಕ್ಸ್ 957 ಎಂಬ ಸಂಖ್ಯೆ ಹೊತ್ತು ಬಂತು. 904ಕ್ಕೆ ನಡುವಿನ 52 ಸಂಚಿಕೆಗಳನ್ನು ಕೂಡಿಸಿದರೆ 956, ಮುಂದಿನದು 957. ನಡುವೆ ನಡೆದ ತಪ್ಪನ್ನೂ ಮುಚ್ಚಿಡದೆ ಕೂಡಿಸಿಕೊಂಡು ಎಣಿಸಿದ ಆ ಒಂದು ಸಂಖ್ಯೆಗಾಗಿ ನಾನು ಮರಳಿದೆ. ಈಗ ನೆಲಮಾಳಿಗೆಯಲ್ಲಿ ಹದಿನಾಲ್ಕು ಪೆಟ್ಟಿಗೆಗಳಿವೆ. ಎರಡು ಸಲ ಮನೆ ಬದಲಿಸಿದಾಗ ಹೊತ್ತದ್ದರ ಫಲವಾಗಿ ಸೊಂಟನೋವಿದೆ, ಫಿಸಿಯೋಥೆರಪಿಗೆ ಕಳೆದ ವರ್ಷ ಕೊಟ್ಟದ್ದು 640 ಡಾಲರ್.

ಚರ್ಚ್ ಸ್ಟ್ರೀಟ್ ಹಳಬ:
ಎಡಿಸನ್ ಅವರಿಗೆ ಎಂಟು ಸರಣಿಗಳನ್ನು ಎತ್ತಿಡುವ ಅಂಗಡಿಯಿತ್ತು. ನಾವು ಬೆಂಗಳೂರಿನಲ್ಲಿ ಹಳೆಯ ಪುಸ್ತಕದ ರಾಶಿಯ ಮುಂದೆ ಮೊಣಕಾಲೂರಿ, ಕಥೆಯ ಮೂರನೆಯ ಭಾಗ ಸಿಕ್ಕರೆ ಮೊದಲನೆಯದು ಸಿಗದೆ, ಮೊದಲನೆಯದು ಸಿಕ್ಕಾಗ ಮೂರನೆಯದನ್ನು ಯಾರಿಗೋ ಕೊಟ್ಟು ಕಳೆದುಕೊಂಡು ಓದಿದವರು. ಹಾಗೆ ತುಂಡುತುಂಡಾಗಿ ಓದಿದರೂ ಕೈಬಿಡಲು ಮನಸ್ಸಾಗದಿದ್ದದ್ದು ಮಾರ್ವೆಲ್ ಒಂದೇ. ಡಿಸಿಯ ಸೂಪರ್‌ಮ್ಯಾನನ ಮೆಟ್ರೊಪೊಲಿಸ್, ಬ್ಯಾಟ್‌ಮ್ಯಾನನ ಗೋಥಮ್ ನಕಾಶೆಯಲ್ಲಿ ಇಲ್ಲದ ಕಲ್ಪನೆಯ ಊರುಗಳು. ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರನಾದರೋ ನ್ಯೂಯಾರ್ಕಿನ ಕ್ವೀನ್ಸ್‌ನ ಹುಡುಗ, ಅವನಿಗೆ ಸಾಕಿದ ದೊಡ್ಡಮ್ಮನ ಔಷಧಿಗೆ ಹಣ ಹೊಂದಿಸುವ ಚಿಂತೆಯಿದೆ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಅವನನ್ನು ತಂದಾಗ ಸೂಪರ್‌ಹೀರೋ ಎಂಬುವನಿಗೆ ಮನೆ ಬಾಡಿಗೆಯ ಚಿಂತೆ ಇರಬಹುದೆಂದು ಯಾರು ಊಹಿಸಿದ್ದರು?

ಇನ್ನೊಂದು ಕಾರಣ ಪತ್ರಗಳ ಪುಟ. ಕಥೆಯಲ್ಲಿನ ತಪ್ಪನ್ನು ಹಿಡಿದು, ಅದು ತಪ್ಪಲ್ಲವೆಂದು ನೀವೇ ಸಮರ್ಥನೆಯನ್ನೂ ಹೊಸೆದು ಬರೆದರೆ ನಿಮಗೆ 'ನೋ-ಪ್ರೈಜ್' ಎಂಬ ಬಹುಮಾನ ಬರುತ್ತಿತ್ತು. ಅದು ಒಂದು ಖಾಲಿ ಲಕೋಟೆ. ಖಾಲಿ ಲಕೋಟೆಗಾಗಿ ಮಕ್ಕಳು ಸಂಚಿಕೆಗಳನ್ನು ನಾಲ್ಕು ಸಲ ಓದುವಂತೆ ಮಾಡಿದವರನ್ನು ಬಿಟ್ಟು ಬೇರೆಯವರ ಹಿಂದೆ ಹೋಗುವುದು ಹೇಗೆ?

ನಷ್ಟವನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಒಂದು ಕಥಾಮಾಲೆಯ ನಡುವಿನ ಆರು ಸಂಚಿಕೆಗಳನ್ನು ಹೊರದೇಶದ ಮಾರಾಟಗಾರನೊಬ್ಬನಿಂದ ತರಿಸಿದೆ. ಸಂಚಿಕೆಗಳಿಗೆ 31 ಡಾಲರ್, ಸಾಗಣೆಗೆ 44 ಡಾಲರ್, ಇಲ್ಲಿ ಸುಂಕವೆಂದು 1,870 ರೂಪಾಯಿ. ಬಂದ ಪೊಟ್ಟಣ ನಡುವೆ ಮಡಚಿತ್ತು, ಒಂದು ಮೂಲೆ ನೆನೆದಿತ್ತು. ಆರರಲ್ಲಿ ಎರಡು ಒಂದೇ ಸಂಚಿಕೆಯ ಪ್ರತಿಗಳಾಗಿದ್ದವು. ಮಾರಾಟಗಾರನಿಗೆ ಬರೆದ ಹನ್ನೊಂದು ಪತ್ರಗಳಿಗೆ ಉತ್ತರವಿಲ್ಲ.

ಡಿಸಿಯಿಂದಲೂ ನಾನು ಒಂದನ್ನು ಕೊಂಡಿದ್ದೇನೆ: 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತ 75ನೆಯ ಸಂಚಿಕೆ, ಕಪ್ಪು ಚೀಲದ ಪ್ರತಿ. ಚಿನ್ನದ ಬೆಲೆ ಬರುತ್ತದೆಂದು ಎಲ್ಲರೂ ನಂಬಿದ್ದರು. ಲಕ್ಷಗಟ್ಟಲೆ ಜನ ಅದೇ ನಂಬಿಕೆಯಿಂದ ಕೊಂಡು ಎತ್ತಿಟ್ಟರೆ ಬೆಲೆ ಎಲ್ಲಿಂದ ಬರಬೇಕು?

ಎಡಿಸನ್ ಕನ್ನಡಿಗ:
ಹಳಬರೇ, ನನ್ನ ಸೂಪರ್‌ಮ್ಯಾನನ ಮದುವೆ ಅಳಿಸಿಹೋದ ಬಗ್ಗೆ ನೀವು ಏನೂ ಹೇಳಲಿಲ್ಲವೆಂಬುದನ್ನು ಗಮನಿಸಿದೆ. ಹೇಳುವುದು ಹೇಗೆ? ನಿಮ್ಮ ಸ್ಪೈಡರ್‌ಮ್ಯಾನ್ 1987ರಲ್ಲಿ ಮದುವೆಯಾಗಿ, 2007ರಲ್ಲಿ ದೊಡ್ಡಮ್ಮನ ಪ್ರಾಣ ಉಳಿಸಲು ಆ ಮದುವೆಯನ್ನೇ ಮೆಫಿಸ್ಟೋ ಎಂಬ ಸೈತಾನನಿಗೆ ಒಪ್ಪಿಸಿದ. ನಮ್ಮವರು ವಿಶ್ವವನ್ನೇ ಹೊಸದಾಗಿ ಕಟ್ಟುವಾಗ ಮದುವೆ ಹೋಯಿತು, ನಿಮ್ಮವರು ಅದೊಂದಕ್ಕಾಗಿಯೇ ಸೈತಾನನನ್ನು ಕರೆಸಿದರು.

ಇನ್ನು ಪತ್ರಗಳ ಪುಟದ ಮಾತು. ಡಿಸಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಓದುಗರ ಪತ್ರಗಳನ್ನು ಅವರ ವಿಳಾಸದೊಂದಿಗೆ ಅಚ್ಚುಹಾಕಿದ್ದರಿಂದಲೇ ಓದುಗರು ಒಬ್ಬರಿಗೊಬ್ಬರು ಪತ್ರ ಬರೆದು, ಕಾಮಿಕ್ಸ್ ಅಭಿಮಾನಿ ಬಳಗಗಳು ಹುಟ್ಟಿಕೊಂಡವು. ಹಾಗೆ ಬರೆಯುತ್ತಿದ್ದ ರಾಯ್ ಥಾಮಸ್ ಮುಂದೆ ನಿಮ್ಮ ಮಾರ್ವೆಲ್ಲಿಗೇ ಪ್ರಧಾನ ಸಂಪಾದಕರಾದರು. 1988ರಲ್ಲಿ ಬ್ಯಾಟ್‌ಮ್ಯಾನನ ಜೊತೆಗಾರ ರಾಬಿನ್ ಆಗಿದ್ದ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂಬುದನ್ನು ಓದುಗರ ಫೋನ್ ಕರೆಗಳಿಗೆ ಬಿಟ್ಟವರೂ ಡಿಸಿಯವರೇ. ಸಾಯಲಿ ಎಂದವು 5,343 ಕರೆಗಳು, ಬದುಕಲಿ ಎಂದವು 5,271. ಬರೀ 72 ಕರೆಗಳ ಅಂತರ.

ಚರ್ಚ್ ಸ್ಟ್ರೀಟ್ ಹಳಬ:
ಕರೆಗೆ ಐವತ್ತು ಸೆಂಟ್ ವಸೂಲಿ ಮಾಡಿ ಮಕ್ಕಳ ಕೈಯಿಂದ ಒಬ್ಬ ಹುಡುಗನನ್ನು ಕೊಲ್ಲಿಸಿದ್ದನ್ನು ಓದುಗರಿಗೆ ಕೊಟ್ಟ ಗೌರವವೆಂದು ಹೇಳಿಕೊಳ್ಳುವವರನ್ನು ಇದೇ ಮೊದಲು ನೋಡುತ್ತಿದ್ದೇನೆ.

ರಾಜನಗರದ ಪ್ರಜೆ:
ಇಬ್ಬರು ಹಿರಿಯರೂ ಅಮೆರಿಕದ ಎರಡು ಮನೆಗಳ ವಿವಾಹ ವಿಚ್ಛೇದನವನ್ನು ಬಗೆಹರಿಸುತ್ತಿರುವಾಗ ನನ್ನದೊಂದು ಮಾತು. ನನ್ನ ತಂದೆಯವರು ವಾಯುಪಡೆಯಲ್ಲಿದ್ದರು. ಬೀದರಿನಲ್ಲಿ ನಾವಿದ್ದ ಕಾಲದಲ್ಲಿ ದಿನಕ್ಕೆ ಐವತ್ತು ಪೈಸೆ ಬಾಡಿಗೆಗೆ ಹಿಂದಿ ಕಾಮಿಕ್ಸ್ ಕೊಡುವ ಒಂದು ಗೂಡಂಗಡಿಯಿತ್ತು. ಮನೆಗೆ ಒಯ್ಯದೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಓದಿದರೆ ಇಪ್ಪತ್ತೈದು ಪೈಸೆ. ನಾನು ಕುಳಿತೇ ಓದಿದೆ, ನಾಲ್ಕು ವರ್ಷ. ದೆಹಲಿಯ ರಾಜ್ ಕಾಮಿಕ್ಸ್‌ನ ನಾಗರಾಜ 1986ರಲ್ಲಿ ಬಂದವನು, ಮರುವರ್ಷ ಅನುಪಮ್ ಸಿನ್ಹಾ ಬರೆದು ಚಿತ್ರಿಸಿದ ಸೂಪರ್ ಕಮಾಂಡೋ ಧ್ರುವ ಬಂದ. ಧ್ರುವನಿಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಸರ್ಕಸ್ಸಿನಲ್ಲಿ ಹುಟ್ಟಿ, ಅದು ಸುಟ್ಟುಹೋದ ಮೇಲೆ ಅನಾಥನಾದ ಹುಡುಗ. ಊರೂರು ವರ್ಗವಾಗಿ ಪ್ರತಿ ಸಲ ಹೊಸ ಶಾಲೆಯಲ್ಲಿ ಕೊನೆಯ ಬೆಂಚು ಸಿಗುತ್ತಿದ್ದ ನನಗೆ ಅವನು ಏನಾಗಿದ್ದನೆಂಬುದನ್ನು ಡಾಲರಿನಲ್ಲಿ ಎಣಿಸಲಾಗದು.

ಪ್ರಕಾಶಕರನ್ನು ನಂಬುವುದರ ಬೆಲೆಯೂ ನನಗೆ ಗೊತ್ತು. ಸಂಸ್ಥೆ ಸೋದರರ ನಡುವೆ ಹಂಚಿಹೋಗಿ, ಅದೇ ನಾಗರಾಜ, ಅದೇ ಧ್ರುವ ಬೇರೆಬೇರೆ ಸೋದರರ ಹೆಸರಿನಲ್ಲಿ ಬರತೊಡಗಿದ ಮೇಲೆ, ಯಾರದನ್ನು ಕೊಳ್ಳುವುದೆಂದು ತೋಚದೆ ಎಲ್ಲ ಕಡೆಯದನ್ನೂ ಕೊಳ್ಳುತ್ತಿದ್ದೇನೆ. ಕಳೆದ ದೀಪಾವಳಿಯಿಂದ ಈ ದೀಪಾವಳಿಯವರೆಗೆ 11,420 ರೂಪಾಯಿ ಖರ್ಚಾಗಿದೆ. ಮನೆಯಾಕೆಗೆ ಹೇಳಿರುವುದು ಏಳು ಸಾವಿರ.

ಚರ್ಚ್ ಸ್ಟ್ರೀಟ್ ಹಳಬ:
ರಾಜಾಜಿನಗರದಲ್ಲಿಯೇ ಇದ್ದುಕೊಂಡು ಇಷ್ಟು ಕಾಲ ನಮ್ಮ ಭಾನುವಾರದ ಓದುಗರ ಕೂಟಕ್ಕೆ ಒಮ್ಮೆಯೂ ಬರಲಿಲ್ಲವಲ್ಲ ತಾವು?

ರಾಜನಗರದ ಪ್ರಜೆ:
ರಾಜನಗರ ಎಂಬುದು ಧ್ರುವನ ಊರು, ರಾಜಾಜಿನಗರವಲ್ಲ. ಗೋಥಮ್ ನಕಾಶೆಯಲ್ಲಿ ಇಲ್ಲವೆಂದು ಹೀಗಳೆದವರಿಗೆ ಇದಾದರೂ ಗೊತ್ತಿರಬೇಕಿತ್ತು. ನಾನಿರುವುದು ಕಲಬುರಗಿಯಲ್ಲಿ.

ಗೆರೆಗಾರ:
ಪ್ರಕಾಶಕರು ಓದುಗರನ್ನು ಹೇಗೆ ನೋಡಿಕೊಂಡರೆಂದು ಎಲ್ಲರೂ ಬರೆಯುತ್ತಿದ್ದೀರಿ, ಕಥೆ, ಚಿತ್ರ ಬರೆದವರನ್ನು ಹೇಗೆ ನೋಡಿಕೊಂಡರೆಂದು ಒಬ್ಬರೂ ಕೇಳಲಿಲ್ಲ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ ಅವನ ಹಕ್ಕನ್ನು 130 ಡಾಲರಿಗೆ ಬಿಟ್ಟುಕೊಟ್ಟರು. ಬ್ಯಾಟ್‌ಮ್ಯಾನನನ್ನು ಬಾಬ್ ಕೇನ್ ಜೊತೆ ರೂಪಿಸಿದ ಬಿಲ್ ಫಿಂಗರ್ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ. ಜಾಕ್ ಕಿರ್ಬಿ ತಾವು ಬರೆದ ಮೂಲ ಚಿತ್ರಗಳಲ್ಲಿ ಒಂದು ಪಾಲನ್ನು ಮರಳಿ ಪಡೆಯಲು ಮಾರ್ವೆಲ್ ಜೊತೆ ವರ್ಷಗಟ್ಟಲೆ ಹೆಣಗಬೇಕಾಯಿತು.

ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಪುಟಕ್ಕೆ 900 ರೂಪಾಯಿಯಂತೆ ಶಾಯಿ ಹಚ್ಚಿದವನು. ನಾನೇ ರೂಪ ಕೊಟ್ಟ ಒಂದು ಪಾತ್ರ ಬೇರೆಯವರ ಹೆಸರಿನಲ್ಲಿ ಹೊರಬಂದಿತು. ಕೇಳಿದ್ದಕ್ಕೆ ಕರಾರುಪತ್ರದ ಒಂಬತ್ತನೆಯ ಅಂಶವನ್ನು ತೋರಿಸಿದರು. ಕಡೆಯ 43 ಪುಟಗಳ ಹಣ ಇನ್ನೂ ಬರಬೇಕಿದೆ, ಒಟ್ಟು 38,700 ರೂಪಾಯಿ. ಅಂದಿನಿಂದ ನನ್ನ ಹಣವೇನಿದ್ದರೂ ಇಮೇಜ್‌ಗೆ. 1992ರಲ್ಲಿ ಟಾಡ್ ಮೆಕ್‌ಫಾರ್ಲೇನ್, ಜಿಮ್ ಲೀ, ಎರಿಕ್ ಲಾರ್ಸನ್ ಮೊದಲಾದ ಏಳು ಕಲಾವಿದರು ಮಾರ್ವೆಲ್ಲಿನ ಕೆಲಸ ಬಿಟ್ಟು ಕಟ್ಟಿದ ಸಂಸ್ಥೆಯದು. ಅಲ್ಲಿ ಪಾತ್ರದ ಒಡೆತನ ಅದನ್ನು ಸೃಷ್ಟಿಸಿದವರದೇ. ಆದ್ದರಿಂದ ಲಾರ್ಸನ್‌ರ ಸ್ಯಾವೇಜ್ ಡ್ರ್ಯಾಗನ್‌ನಲ್ಲಿ ಪಾತ್ರಗಳಿಗೆ ನಮ್ಮ ಜೊತೆಜೊತೆಗೇ ವಯಸ್ಸಾಗುತ್ತದೆ, ತಂದೆ ಸತ್ತರೆ ಮಗ ಮುಂದುವರಿಸುತ್ತಾನೆ. ಕಿರ್ಕ್‌ಮನ್‌ರ ಇನ್ವಿನ್ಸಿಬಲ್ 2003ರಲ್ಲಿ ಆರಂಭವಾಗಿ 2018ರಲ್ಲಿ 144ನೆಯ ಸಂಚಿಕೆಗೆ ಮುಗಿಯಿತು. ಮುಗಿಯಿತು ಎಂಬ ಮಾತನ್ನು ಮಾರ್ವೆಲ್, ಡಿಸಿಯವರ ಬಾಯಲ್ಲಿ ಕೇಳಿದ್ದೀರಾ?

ಎಡಿಸನ್ ಕನ್ನಡಿಗ:
ಇಮೇಜ್‌ನ ಆರಂಭದ ದಿನಗಳಲ್ಲಿ ಸಂಚಿಕೆಗಳು ತಿಂಗಳುಗಟ್ಟಲೆ ತಡವಾಗಿ ಬಂದು, ಮೊದಲೇ ಆರ್ಡರ್ ಕೊಟ್ಟು ಕಾದಿದ್ದ ಅಂಗಡಿಯವರು ಮುಳುಗಿದ್ದನ್ನೂ ಗೆರೆಗಾರರು ಸೇರಿಸಬೇಕಿತ್ತು. ಒಡೆತನವೇನೋ ಬಂತು, ಗಡಿಯಾರ ಬರಲಿಲ್ಲ. ಅಂಗಡಿಯವರ ಗೋಳು ಈಗಲೂ ತಪ್ಪಿಲ್ಲ, 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಹಾಕಿದ ಮೇಲಂತೂ ನಮ್ಮ ಅಂಗಡಿಗೆ ಯಾವ ವಾರ ಏನು ಬರುತ್ತದೆಂದು ಹೇಳಲಾಗದಂತಾಗಿದೆ.

ರಾಜನಗರದ ಪ್ರಜೆ:
ಏನು, ಡೈಮಂಡ್ ದಿವಾಳಿಯೇ? ಚಾಚಾ ಚೌಧರಿಯ ಗತಿ?

ಎಡಿಸನ್ ಕನ್ನಡಿಗ:
ನಿಮ್ಮ ಡೈಮಂಡ್ ಕಾಮಿಕ್ಸ್ ಅಲ್ಲ ಸ್ವಾಮಿ. ಇದು ಅಮೆರಿಕದ ಸಗಟು ವಿತರಕ ಸಂಸ್ಥೆ.

ಗೆರೆಗಾರ:
ತಡವಾಗಿ ಬಂದದ್ದು ನಿಜ. ಆದರೆ ಕೈ ನೋಯುವವರೆಗೆ ಚಿತ್ರ ಬರೆದವನ ಮನೆಗೆ ಹಣ ತಡವಾಗಿ ಬರುವುದಕ್ಕಿಂತ ಓದುಗನ ಮನೆಗೆ ಪುಸ್ತಕ ತಡವಾಗಿ ಬರುವುದೇ ಲೇಸು. 640 ಡಾಲರಿನ ಸೊಂಟದವರಿಗೆ ಇದು ಅರ್ಥವಾಗಲಿಕ್ಕಿಲ್ಲ.

ಇಂದ್ರಜಾಲದ ಓದುಗಿ:
ವೈಯಕ್ತಿಕ ಮಾತು ಬೇಡ ಎಂದು ವಯಸ್ಸಿನಲ್ಲಿ ಹಿರಿಯಳಾಗಿ ಇಬ್ಬರಿಗೂ ಹೇಳುತ್ತೇನೆ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಅನ್ನು ಕನ್ನಡದಲ್ಲಿ ಓದಿಯೇ ನಾನು ಅಕ್ಷರ ಕೂಡಿಸಲು ಕಲಿತದ್ದು. ಸೂಪರ್‌ಮ್ಯಾನನಿಗಿಂತ ಎರಡು ವರ್ಷ ಮೊದಲೇ, 1936ರಲ್ಲಿ, ಮೈಗಂಟಿದ ಉಡುಪು ಮತ್ತು ಮುಖವಾಡ ಧರಿಸಿ ಬಂದವನು ಆ ಇಂದ್ರಜಾಲದಲ್ಲಿ ಬರುತ್ತಿದ್ದ ಫ್ಯಾಂಟಮ್ ಎಂಬುದನ್ನು ಇಲ್ಲಿ ಯಾರೂ ನೆನಪಿಸಿಕೊಂಡಿಲ್ಲ. 1990ರಲ್ಲಿ ಇಂದ್ರಜಾಲ ನಿಂತುಹೋಯಿತು. ನನ್ನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸಂಚಿಕೆಗಳನ್ನು ನಮ್ಮ ಮಾವನವರು ರದ್ದಿಯವನಿಗೆ ತೂಕಕ್ಕೆ ಹಾಕಿದರು. ಬಂದ ಹಣ 46 ರೂಪಾಯಿ. ಅದರಲ್ಲಿ ನನಗೆಂದೇ ಮಲ್ಲಿಗೆ ದಂಡೆ ತಂದಿದ್ದರು, ಆದ್ದರಿಂದ ಜಗಳವಾಡಲೂ ಆಗಲಿಲ್ಲ.

ಶಿರಸಿಯ ಅಪ್ಪ:
ಎಲ್ಲರಿಗೂ ಕೃತಜ್ಞತೆಗಳು. ಮಗಳಿಗೆ ಇದನ್ನೆಲ್ಲ ಓದಿ ಹೇಳಿದೆ. ಜೇಸನ್ ಟಾಡನ ಕಥೆ ಬೇಕೇಬೇಕು ಎನ್ನುತ್ತಿದ್ದಾಳೆ, 72 ಕರೆಗಳ ಲೆಕ್ಕ ಅವಳ ತಲೆಯಲ್ಲಿ ಕುಳಿತಿದೆ. ಬೂಷ್ಟಿನ ವಿಷಯವನ್ನು ಯಾರೂ ಹೇಳಲಿಲ್ಲ.

ಎಡಿಸನ್ ಕನ್ನಡಿಗ:
ಅವಳು ಡಿಸಿಯಿಂದ ಆರಂಭಿಸುತ್ತಿರುವುದು ಸಂತೋಷ. ಹಳಬರೇ, ನಿಮ್ಮ ಕಪ್ಪು ಚೀಲದ 75ನೆಯ ಸಂಚಿಕೆ ಇನ್ನೂ ಒಡೆಯದೆ ಇದೆಯೇ? ನನ್ನ ಪ್ರತಿ ನೆಲಮಾಳಿಗೆಗೆ ನೀರು ನುಗ್ಗಿದಾಗ ಹೋಯಿತು. ನೀವು ಒಪ್ಪಿದರೆ ಈ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ ಕೊಳ್ಳುತ್ತೇನೆ, ಬೆಲೆ ನೀವೇ ಹೇಳಿ.

ಚರ್ಚ್ ಸ್ಟ್ರೀಟ್ ಹಳಬ:
ಒಡೆದಿದೆ. 2003ರ ಮಳೆಗಾಲದಲ್ಲಿ ನಮ್ಮ ತಾಯಿ ಅಟ್ಟ ಶುಚಿ ಮಾಡುವಾಗ ಕತ್ತರಿಯಿಂದ ನೀಟಾಗಿ ಕತ್ತರಿಸಿ, ಒಳಗೆ ಎರಡು ನುಸಿಗುಳಿಗೆ ಹಾಕಿ, ದಾರ ಕಟ್ಟಿ ಇಟ್ಟಿದ್ದಾರೆ. ಬೂಷ್ಟು ಮಾತ್ರ ಹಿಡಿದಿಲ್ಲ. ಕೊಡುವುದಿಲ್ಲ.